ಅಂಕಕ್ಕಾಗಿ ಮಾಡಿದ ಸೇವೆ

'ಬಿಟ್ಟಿ' ಎಂಬ ಮಾತು ಕನ್ನಡದಲ್ಲಿ ವಿಚಿತ್ರವಾದ ಬಾಳನ್ನು ಬಾಳಿದೆ. ಅದು ಸಂಸ್ಕೃತದ 'ವಿಷ್ಟಿ'ಯ ತದ್ಭವ. ಹಳೆಯ ಶಾಸನಗಳಲ್ಲಿ ಬಿಟ್ಟಿ ಎಂದರೆ ಪ್ರಜೆಗಳು ಕೂಲಿಯಿಲ್ಲದೆ, ಒಲ್ಲೆವೆನ್ನುವ ಸ್ವಾತಂತ್ರ್ಯವೂ ಇಲ್ಲದೆ, ಅರಸನಿಗೋ ಊರೊಡೆಯನಿಗೋ ಮಾಡಿಕೊಡಬೇಕಾಗಿದ್ದ ದುಡಿಮೆ. ಇಂದು ನಾವು ಬಿಟ್ಟಿ ಎನ್ನುವುದು ಕಾಸು ಕೊಡದೆ ಕೈಗೆ ಬಂದದ್ದನ್ನು: ಬಿಟ್ಟಿ ಊಟ, ಬಿಟ್ಟಿ ಪ್ರಯಾಣ, ಬಿಟ್ಟಿ ಸಲಹೆ. ಮಾತು ಒಂದೇ; ಮೊದಲು ಅದನ್ನು ದುಡಿಯುವವನ ಕಡೆ ನಿಂತು ಆಡುತ್ತಿದ್ದರು, ಈಗ ಉಣ್ಣುವವನ ಕಡೆ ನಿಂತು ಆಡುತ್ತೇವೆ.

ಕಾಲೇಜಿನಲ್ಲಿ ಕನ್ನಡ ಹೇಳಿಕೊಡುವ ನನ್ನಂಥವರ ನಡುವೆ ಈಚೆಗೆ ಬೆಳೆದಿರುವ ಒಂದು ಪದ್ಧತಿಯನ್ನು ಕುರಿತು ಯೋಚಿಸುವಾಗಲೆಲ್ಲ ಈ ಮಾತಿನ ಎರಡು ಮುಖಗಳೂ ನನಗೆ ನೆನಪಾಗುತ್ತವೆ. ವಿದ್ಯಾರ್ಥಿಗಳನ್ನು ಅಂತರಜಾಲದ ಸಾರ್ವಜನಿಕ ಭಂಡಾರಗಳಿಗೆ, ಎಂದರೆ ವಿಕಿಪೀಡಿಯಕ್ಕೆ ಇಲ್ಲವೆ ಅದರ ಒಡಹುಟ್ಟಾದ ವಿಕಿಸೋರ್ಸಿಗೆ, ಕರೆದೊಯ್ದು ಅಲ್ಲಿ ಲೇಖನ ಬರೆಯಿಸುವುದು, ಹಳೆಯ ಪುಸ್ತಕಗಳ ಕರಡು ತಿದ್ದಿಸುವುದು, ಆ ಕೆಲಸಕ್ಕೆ ಆಂತರಿಕ ಪರೀಕ್ಷೆಯ ಅಂಕ ಕೊಡುವುದು. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ 2013ರ ಸುಮಾರಿಗೇ ಭಾಷಾ ವಿದ್ಯಾರ್ಥಿಗಳ ಅಭ್ಯಾಸದಲ್ಲಿ ಇದು ಸೇರಿತು. ಮೂಡುಬಿದಿರೆಯ ಆಳ್ವಾಸ್ ಕಾಲೇಜಿನಲ್ಲಿ ವಿದ್ಯಾರ್ಥಿಗಳದೇ ಒಂದು ವಿಕಿಪೀಡಿಯ ಸಂಘ ಹುಟ್ಟಿತು. ನಾನೂ ನನ್ನ ತರಗತಿಗಳಲ್ಲಿ ಇದನ್ನು ನಡೆಸಿಕೊಂಡು ಬಂದಿದ್ದೇನೆ. ಇದರಿಂದ ಪಾಠಕ್ಕೆ ಜೀವ ಬರುತ್ತದೆಯೆ ಎಂದು ಕೇಳಿದರೆ ಬರುತ್ತದೆ ಎನ್ನಲು ನನಗೆ ಸಂದೇಹವಿಲ್ಲ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ತಮ್ಮ ಮನಸ್ಸಿನಿಂದ ತಾವೇ ಬಂದು ದುಡಿಯುವವರು ಕಟ್ಟಿದ ಮನೆಗೆ, ಅಂಕದ ಹಗ್ಗ ಹಾಕಿ ಹುಡುಗರನ್ನು ಎಳೆದೊಯ್ಯಲು ಅಧ್ಯಾಪಕನಿಗೆ ಯಾವ ಅಧಿಕಾರ?

ಆ ಮನೆ ಎಂಥದೆಂಬುದನ್ನು ಮೊದಲು ಹೇಳಬೇಕು. ಕನ್ನಡ ವಿಕಿಪೀಡಿಯ ಆರಂಭವಾದದ್ದು 2003ರಲ್ಲಿ. ಅದರಲ್ಲಿ ಈಗ 30,000ಕ್ಕೂ ಮೇಲ್ಪಟ್ಟು ಲೇಖನಗಳಿವೆ. ಇಂಗ್ಲಿಷಿನ ವಿಕಿಪೀಡಿಯ 2020ರಲ್ಲಿಯೇ 60 ಲಕ್ಷವನ್ನು ದಾಟಿತು. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು ಸುಮಾರು 4.37 ಕೋಟಿ ಜನ. ಇಷ್ಟು ಜನಕ್ಕೆ ಆಗಬೇಕಾದ ಕೆಲಸವನ್ನು ಬೆರಳೆಣಿಕೆಯ ಮಂದಿ ಹೊತ್ತುಕೊಂಡಿದ್ದಾರೆ. ಮೈಸೂರು ವಿಶ್ವವಿದ್ಯಾನಿಲಯ 14 ಸಂಪುಟಗಳ ಕನ್ನಡ ವಿಶ್ವಕೋಶವನ್ನು ಹೊರತಂದಾಗ ಅದರ ಹಿಂದೆ ಒಂದು ಸಂಸ್ಥೆಯಿತ್ತು, ಸಂಪಾದಕ ಮಂಡಲಿಯಿತ್ತು, ಸಂಬಳವಿತ್ತು. (ಆ ಸಂಪುಟಗಳನ್ನು ಯಾರು ಬೇಕಾದರೂ ಬಳಸಬಹುದೆಂದು 2014ರಲ್ಲಿ ಬಿಟ್ಟುಕೊಟ್ಟದ್ದು ದೊಡ್ಡ ಮನಸ್ಸಿನ ಕೆಲಸ, ಅದಕ್ಕೆ ದೊರೆಯಬೇಕಾದಷ್ಟು ಮೆಚ್ಚುಗೆ ದೊರೆಯಲಿಲ್ಲ.) ವಿಕಿಪೀಡಿಯದ ಬರಹಗಾರನಿಗೆ ಸಂಬಳವಿಲ್ಲ, ಲೇಖನದ ತಲೆಯ ಮೇಲೆ ಹೆಸರೂ ಇಲ್ಲ. ಕಚೇರಿ ಮುಗಿಸಿ ಬಂದು, ಊಟವಾದ ಮೇಲೆ ದೀಪ ಹಾಕಿಕೊಂಡು ಕುಳಿತು ಮಾಡುವ ಕೆಲಸ ಅದು. ತಮ್ಮ ತಮ್ಮೊಳಗಿನ ಮಾತುಕತೆಗೆ ಅವರು ಮಾಡಿಕೊಂಡಿರುವ ಪುಟದ ಹೆಸರು 'ಅರಳಿ ಕಟ್ಟೆ'. ಹೆಸರಿಟ್ಟವರು ಯಾರೋ, ಊರನ್ನು ಬಲ್ಲವರು.

ಇನ್ನು ತರಗತಿಗೆ ಇದರಿಂದ ಆಗುವ ಲಾಭ. ವಿದ್ಯಾರ್ಥಿ ನೋಟ್‌ಬುಕ್ಕಿನಲ್ಲಿ ಬರೆಯುವ ಪ್ರಬಂಧಕ್ಕೆ ಓದುಗ ಒಬ್ಬನೇ, ಅವನು ಅಧ್ಯಾಪಕ. ಅವನು ಓದುವುದು ಓದಬೇಕೆಂಬ ಆಸೆಯಿಂದಲ್ಲ, ಸಂಬಳಕ್ಕಾಗಿ. ಇದು ಹುಡುಗರಿಗೆ ಚೆನ್ನಾಗಿ ಗೊತ್ತು. ಆದ್ದರಿಂದ ಅವರು ಬರೆಯುವುದೂ ಓದಲಿ ಎಂದಲ್ಲ, ಅಂಕಕ್ಕಾಗಿ. ಇಬ್ಬರೂ ಒಬ್ಬರನ್ನೊಬ್ಬರು ಅರಿತು ನಡೆಸುವ ಈ ನಾಟಕ ವರ್ಷಕ್ಕೆ ಎರಡು ಸಲ ಆಗುತ್ತದೆ. ಆಮೇಲೆ ನೋಟ್‌ಬುಕ್ಕುಗಳು ರದ್ದಿ ಅಂಗಡಿಗೆ ಹೋಗುತ್ತವೆ. ಸಾರ್ವಜನಿಕ ಪುಟದಲ್ಲಿ ಹಾಗಲ್ಲ. ನಮ್ಮ ಹುಡುಗನೊಬ್ಬ ತನ್ನ ಊರಿನ ಕೆರೆಯನ್ನು ಕುರಿತು ಬರೆದ. ಇಂಥ ಪಾಳೆಯಗಾರ ಕಟ್ಟಿಸಿದ ಎಂದು ಧೈರ್ಯವಾಗಿ ಹೇಳಿದ. ಎರಡು ದಿನದಲ್ಲಿ ಚರ್ಚಾಪುಟದಲ್ಲಿ ಯಾರೋ ಅಪರಿಚಿತರು ಒಂದೇ ಸಾಲಿನಲ್ಲಿ ಕೇಳಿದ್ದರು: ಇದಕ್ಕೆ ಆಧಾರವೇನು? ಹುಡುಗನಿಗೆ ಅವಮಾನವಾದಂತಾಯಿತು. ನನ್ನ ಬಳಿಗೆ ಬಂದು, "ಸಾರ್, ನಮ್ಮ ತಾತ ಹೇಳಿದ್ದು. ತಾತ ಸುಳ್ಳು ಹೇಳ್ತಾರಾ?" ಎಂದ.

ಈ ಪ್ರಶ್ನೆಯನ್ನು ನಾನು ತರಗತಿಯಲ್ಲಿ ಕೇಳಿದ್ದರೆ ಯಾರೂ ತಲೆ ಎತ್ತುತ್ತಿರಲಿಲ್ಲ. ಅವನು ಕೇಳಿದಾಗ ಮೂರು ಗಂಟೆಯ ಪಾಠ ಅದರ ಮೇಲೆಯೇ ನಡೆಯಿತು. ತಾತ ಸುಳ್ಳು ಹೇಳುವುದಿಲ್ಲ. ಆದರೆ ತಾತನಿಗೆ ಹೇಳಿದವರು ಯಾರು? ಬಾಯಿಂದ ಬಾಯಿಗೆ ಬಂದದ್ದು ಆಧಾರವಲ್ಲವೆಂದರೆ ನಮ್ಮ ಜನಪದ ಸಾಹಿತ್ಯವೆಲ್ಲ ಎಲ್ಲಿ ನಿಲ್ಲಬೇಕು? ಶಾಸನದಲ್ಲಿದ್ದರೆ ನಿಜವೆ, ಶಾಸನ ಬರೆಯಿಸಿದವನು ತನ್ನನ್ನು ಹೊಗಳಿಕೊಂಡಿರಬಾರದೆ? ಕೊನೆಗೆ ಅವರಲ್ಲಿ ಮೂವರು ಗ್ರಂಥಾಲಯಕ್ಕೆ ಹೋಗಿ ರೈಸ್ ಸಾಹೇಬರ ಎಪಿಗ್ರಾಫಿಯ ಕರ್ನಾಟಿಕದ ಸಂಪುಟವನ್ನು ತೆಗೆಸಿದರು. ಅದರ ಮೇಲಿನ ಧೂಳನ್ನು ನೋಡಿದರೆ ಬಹಳ ಕಾಲದಿಂದ ಯಾರೂ ತೆಗೆಸಿದಂತಿರಲಿಲ್ಲ. ಅದರಲ್ಲಿ ಕೆರೆಯ ಮಾತಿತ್ತು, ಪಾಳೆಯಗಾರನ ಮಾತಿರಲಿಲ್ಲ. ಹುಡುಗ ತನ್ನ ವಾಕ್ಯವನ್ನು 'ಎಂದು ಊರಿನವರು ಹೇಳುತ್ತಾರೆ' ಎಂದು ಮುಗಿಸಲು ಹೊರಟ. ಅದಕ್ಕೂ ಅಚ್ಚಾದ ಆಧಾರ ಬೇಕೆಂದು ಇನ್ನೊಮ್ಮೆ ಪ್ರಶ್ನೆ ಬಂದಾಗ ಆ ವಾಕ್ಯವನ್ನೇ ತೆಗೆದ. ಅದನ್ನು ತೆಗೆಯಬೇಕಾಗಿತ್ತೆ ಎಂಬ ವಿಷಯದಲ್ಲಿ ನನಗೆ ಈಗಲೂ ಸಂಶಯವುಂಟು. ಅಚ್ಚಿನ ಮನೆಯ ಮೆಟ್ಟಲು ಹತ್ತದ ಊರುಗಳೇ ಹೆಚ್ಚಾಗಿರುವ ನಾಡಿನಲ್ಲಿ ಈ ನಿಯಮ ತೀರ ಬಿಗಿಯಾಯಿತು. ಅದಿರಲಿ.

ಕರಡು ತಿದ್ದುವ ಕೆಲಸ ಇನ್ನೂ ಸೊಗಸು. ವಿಕಿಸೋರ್ಸಿನಲ್ಲಿ ಒಂದು ಕಡೆ ಹಳೆಯ ಪುಸ್ತಕದ ಪುಟದ ಚಿತ್ರ. ಇನ್ನೊಂದು ಕಡೆ ಯಂತ್ರ ಅದನ್ನು ಓದಿ ಬರೆದ ಪಾಠ. ಯಂತ್ರ ಕನ್ನಡವನ್ನು ಓದುವಾಗ ನಮ್ಮ ಒಂದನೆಯ ತರಗತಿಯ ಮಕ್ಕಳಂತೆಯೇ ಎಡವುತ್ತದೆ. ಸೊನ್ನೆಯ ಅನುಸ್ವಾರ ಅದಕ್ಕೆ ಅಂಕಿಯ ಸೊನ್ನೆ. ಅರ್ಕಾವೊತ್ತು ಒಂಬತ್ತರ ಅಂಕಿ. 'ದ'ಕಾರದ ಹೊಟ್ಟೆ ಸೀಳಿದೆಯೋ ಇಲ್ಲವೋ, 'ಪ'ಕಾರದ ಒಳಗೆ ಗೆರೆಯಿದೆಯೋ ಇಲ್ಲವೋ ಅದಕ್ಕೆ ಕಾಣುವುದಿಲ್ಲ. ಅದನ್ನು ತಿದ್ದಬೇಕಾದರೆ ಒಂದೊಂದು ಅಕ್ಷರವನ್ನೂ ನೋಡಬೇಕು. ಒಬ್ಬರು ತಿದ್ದಿದ ಪುಟಕ್ಕೆ ಹಳದಿ ಗುರುತು ಬೀಳುತ್ತದೆ. ಅದನ್ನು ಹಸಿರು ಮಾಡುವ ಅಧಿಕಾರ ತಿದ್ದಿದವನಿಗಿಲ್ಲ. ಎರಡನೆಯವರೊಬ್ಬರು ಬಂದು ಮತ್ತೊಮ್ಮೆ ಪೂರ್ತಿ ಓದಿ ಒಪ್ಪಬೇಕು. ಹಕ್ಕುಸ್ವಾಮ್ಯ ನಮ್ಮ ದೇಶದಲ್ಲಿ ಲೇಖಕ ತೀರಿಕೊಂಡು 60 ವರ್ಷ ತುಂಬುವವರೆಗೆ ಇರುತ್ತದೆ. 1963ರಲ್ಲಿ ತೀರಿಕೊಂಡ ಗೋವಿಂದ ಪೈಗಳ ಬರಹ ಹೀಗೆ 2024ರ ಜನವರಿಯಿಂದ ಎಲ್ಲರದಾಯಿತು. ಬಿ.ಕಾಂ. ಓದುವ ಹುಡುಗಿಯೊಬ್ಬಳು ಇಂಥ ಹಳೆಯ ಪುಸ್ತಕವೊಂದರ ಹತ್ತು ಪುಟಗಳನ್ನು ಅಕ್ಷರ ಅಕ್ಷರವಾಗಿ ನೋಡಿ, "ಆಗ 'ಅವರ್ಗಳು' ಅಂತ ಬರೀತಿದ್ರಾ ಸಾರ್?" ಎಂದು ಕೇಳಿದರೆ ನನ್ನ ಒಂದು ತಿಂಗಳ ಪಾಠ ಅಲ್ಲಿಯೇ ಆಯಿತು.

ಇಷ್ಟೆಲ್ಲ ನಿಜವಾದರೂ ಮೊದಲಿನ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಅದು ಬರಿಯ ತರ್ಕದ ಪ್ರಶ್ನೆಯಲ್ಲವೆಂಬುದಕ್ಕೆ ಪುಣೆಯಲ್ಲಿ ನಡೆದದ್ದೇ ಸಾಕ್ಷಿ. 2011ರಲ್ಲಿ ಅಲ್ಲಿನ ಕೆಲವು ಕಾಲೇಜುಗಳ ನೂರಾರು ವಿದ್ಯಾರ್ಥಿಗಳಿಂದ ಇಂಗ್ಲಿಷ್ ವಿಕಿಪೀಡಿಯದಲ್ಲಿ ಬರೆಯಿಸುವ ಯೋಜನೆಯೊಂದು ಹೊರಟಿತು. ಹೊರಡಿಸಿದವರು ವಿಕಿಮೀಡಿಯ ಪ್ರತಿಷ್ಠಾನದವರೇ. ಉದ್ದೇಶ ಒಳ್ಳೆಯದು; ಉತ್ಸಾಹಕ್ಕೂ ಕೊರತೆಯಿರಲಿಲ್ಲ. ಆದರೆ ಬಹಳ ಮಂದಿ ಪುಸ್ತಕಗಳಿಂದ, ಬೇರೆ ತಾಣಗಳಿಂದ ಇದ್ದದ್ದನ್ನು ಇದ್ದಂತೆ ಎತ್ತಿ ಹಾಕಿದರು. ನೋಟ್‌ಬುಕ್ಕಿನಲ್ಲಿ ಮಾಡುತ್ತಿದ್ದುದನ್ನೇ ಅಲ್ಲಿಯೂ ಮಾಡಿದರು ಎಂದರೆ ಸರಿಯಾದೀತು. ಯಾವುದು ಸ್ವಂತ, ಯಾವುದು ಕದ್ದದ್ದು ಎಂದು ಸಾಲು ಸಾಲಾಗಿ ಹುಡುಕಿ ಅಳಿಸುವ ಹೊರೆ ಬಿದ್ದದ್ದು ಪುಣೆಯನ್ನು ನಕ್ಷೆಯಲ್ಲಿ ಮಾತ್ರ ಕಂಡಿರಬಹುದಾದ ಸ್ವಯಂಸೇವಕರ ಮೇಲೆ. ಅವರು ಸಿಟ್ಟಾದರು, ಸಿಟ್ಟಾಗಲು ಹಕ್ಕಿತ್ತು. ಅದೇ ವರ್ಷದ ನವೆಂಬರಿನಲ್ಲಿ ಯೋಜನೆಯನ್ನು ನಿಲ್ಲಿಸಬೇಕಾಯಿತು.

ಕಡ್ಡಾಯವೇ ಕೆಟ್ಟದ್ದೆಂದು ನಾನು ಹೇಳಲಾರೆ. ನಾವೆಲ್ಲರೂ ಅಕ್ಷರ ಕಲಿತದ್ದು ಕಡ್ಡಾಯದಿಂದಲೇ. ಮರಳಿನ ಮೇಲೆ ಬೆರಳು ಹಿಡಿದು ತಿದ್ದಿಸಿದಾಗ ಯಾರೂ ನಮ್ಮ ಒಪ್ಪಿಗೆ ಕೇಳಲಿಲ್ಲ. ಆಮೇಲೆ ಓದಿನ ರುಚಿ ಹತ್ತಿದವರು ಆ ಬಲಾತ್ಕಾರಕ್ಕಾಗಿ ಕೃತಜ್ಞರಾಗಿಯೇ ಇದ್ದೇವೆ. ಆದರೆ ತರಗತಿಯೊಳಗಿನ ಬಲಾತ್ಕಾರದ ಬೆಲೆಯನ್ನು ತೆರುವವರು ಇಬ್ಬರೇ: ಬೆರಳು ನೋಯಿಸಿಕೊಂಡ ಹುಡುಗ, ತಲೆ ನೋಯಿಸಿಕೊಂಡ ಮೇಷ್ಟ್ರು. ಇಲ್ಲಿ ಮೂರನೆಯವನೊಬ್ಬನು ತೆರುತ್ತಾನೆ. ಅವನು ನನ್ನ ಕಾಲೇಜಿನವನಲ್ಲ, ನನ್ನನ್ನು ಕಂಡವನಲ್ಲ. ನಾನು ಕೊಡುವ ಅಂಕದ ಕಸವನ್ನು ಗುಡಿಸುವ ಕೆಲಸ ಮಾತ್ರ ಅವನ ಪಾಲಿಗೆ. ಊರಿನ ಕೆರೆಯ ಹೂಳೆತ್ತಲು ನಾಲ್ಕಾರು ಮಂದಿ ತಾವಾಗಿ ಇಳಿದಿರುವಾಗ, ಹಾಜರಿ ಹಾಕುತ್ತೇನೆಂದು ನಾನು ಇನ್ನೂರು ಹುಡುಗರನ್ನು ಕೆರೆಗೆ ಇಳಿಸಿದರೆ ಹೂಳು ಕಡಮೆಯಾದೀತೊ ನೀರು ಕದಡೀತೊ? ಅವರ ಸೇವೆ ಹೀಗೆ ನನ್ನ ಕೈಯಲ್ಲಿ ಬಿಟ್ಟಿಯಾಗುತ್ತದೆ. ಮಾತಿನ ಹಳೆಯ ಅರ್ಥದಲ್ಲಿಯೂ, ಹೊಸ ಅರ್ಥದಲ್ಲಿಯೂ.

ಇದಕ್ಕೆ ಜೊತೆಯಾಗಿ ಎಣಿಕೆಯ ಕಾಟ ಬೇರೆ. ಕಾಲೇಜುಗಳ ಮೌಲ್ಯಮಾಪನದ ಕಡತಗಳಿಗೆ ಸಂಖ್ಯೆ ಬೇಕು. ಎಷ್ಟು ವಿದ್ಯಾರ್ಥಿಗಳು, ಎಷ್ಟು ಲೇಖನ, ಎಷ್ಟು ಪುಟ? ಹುಡುಗ ಅಳಿಸಿದ ಆ ಒಂದು ವಾಕ್ಯಕ್ಕೆ ಆ ಕಡತದಲ್ಲಿ ಕಾಲಂ ಇಲ್ಲ. ಎಣಿಕೆಯೇ ಗುರಿಯಾದಾಗ ಹುಡುಗರು ಮಾಡುವುದೇನೆಂದು ವಾಚಕರಿಗೆ ಹೇಳಬೇಕಾಗಿಲ್ಲ. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲಂತೂ ಎತ್ತಿ ಹಾಕುವ ಶ್ರಮವೂ ಉಳಿಯಿತು; ಕೇಳಿದರೆ ಯಂತ್ರವೇ ನಯವಾದ ಕನ್ನಡದಲ್ಲಿ, ಇಲ್ಲದ ಶಾಸನವನ್ನೂ ಸೇರಿಸಿ, ಕೆರೆಯ ಚರಿತ್ರೆಯನ್ನು ಬರೆದುಕೊಡುತ್ತದೆ. ಕದ್ದದ್ದನ್ನಾದರೂ ಕದ್ದ ಕಡೆ ಹುಡುಕಿ ಹಿಡಿಯಬಹುದಾಗಿತ್ತು. ಎಲ್ಲಿಯೂ ಇಲ್ಲದ್ದನ್ನು ಎಲ್ಲಿ ಹುಡುಕುವುದು?

ಸ್ವಯಂಸೇವಕನ ಕಷ್ಟ ಹೀಗಾದರೆ, ವಿದ್ಯಾರ್ಥಿಯ ಕಡೆಯದೂ ಒಂದು ನ್ಯಾಯವುಂಟು. ಅದರ ಬಗ್ಗೆ ಯಾರೂ ಮಾತನಾಡುವುದನ್ನು ನಾನು ಕೇಳಿಲ್ಲ. ವಿಕಿಪೀಡಿಯದಲ್ಲಿ ಪ್ರತಿಯೊಂದು ಪುಟಕ್ಕೂ 'ಇತಿಹಾಸ' ಎಂಬುದಿದೆ. ಯಾರು, ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಅಕ್ಷರವನ್ನು ಸೇರಿಸಿದರು, ತೆಗೆದರು ಎಂಬುದೆಲ್ಲ ಅಲ್ಲಿ ನಿಂತಿರುತ್ತದೆ. ಬರೆದವನು ಅದನ್ನು ತಾನಾಗಿ ಒರೆಸಲಾರ. ಅಲ್ಲದೆ ಅಲ್ಲಿ ಬರೆದದ್ದನ್ನೆಲ್ಲ ಮುಕ್ತ ಪರವಾನಗಿಯಲ್ಲಿ ಲೋಕಕ್ಕೆ ಕೊಟ್ಟಂತೆ, ಹಿಂದಕ್ಕೆ ಪಡೆಯುವಂತಿಲ್ಲ. ನಮ್ಮಲ್ಲಿ ನೀರು ಬಿಟ್ಟು ಧಾರೆಯೆರೆದು ಕೊಟ್ಟದ್ದನ್ನು ಮರಳಿ ಪಡೆದರೆ ದತ್ತಾಪಹಾರ, ಪಾಪ. ಅದು ಸರಿಯೆ. ಆದರೆ ಧಾರೆಯೆರೆಯುವವನು ಕೈಯನ್ನು ತಾನಾಗಿ ಚಾಚಿರಬೇಕಷ್ಟೆ. ಮೇಷ್ಟ್ರು ಮಣಿಕಟ್ಟು ಹಿಡಿದು ನೀರು ಬಿಡಿಸಿದರೆ ಅದು ದಾನವೆ? ಗೀತೆಯ ಹದಿನೇಳನೆಯ ಅಧ್ಯಾಯ ದಾನವನ್ನು ಸಾತ್ತ್ವಿಕ, ರಾಜಸ, ತಾಮಸವೆಂದು ವಿಂಗಡಿಸುತ್ತದೆ. ಪ್ರತಿಫಲದ ಆಸೆಯಿಂದ, ಒಲ್ಲದ ಮನಸ್ಸಿನಿಂದ ಕೊಟ್ಟದ್ದು ರಾಜಸ. ಅಂಕಕ್ಕಾಗಿ ಕೊಟ್ಟದ್ದನ್ನು ಅಲ್ಲಿಗೆ ಸೇರಿಸಬಹುದೇನೊ. ಆದರೆ ಕೊಡಿಸಿದವನನ್ನು ಯಾವ ಗುಣಕ್ಕೆ ಸೇರಿಸಬೇಕೆಂದು ಆ ಅಧ್ಯಾಯ ಹೇಳುವುದಿಲ್ಲ.

ಒಬ್ಬ ಹುಡುಗ ನನ್ನ ಮುಖಕ್ಕೇ ಹೇಳಿದ: "ಸಾರ್, ನಾನು ತಪ್ಪು ಬರೆದರೆ ನೀವು ನೋಡಿ, ಬೈಯಿರಿ. ಊರೆಲ್ಲಾ ಯಾಕೆ ನೋಡಬೇಕು?" ಅವನ ಮಾತನ್ನು ಸೋಮಾರಿತನವೆಂದು ತಳ್ಳಿಹಾಕುವುದು ಸುಲಭ. ನನಗೆ ಹಾಗೆ ತೋರುವುದಿಲ್ಲ. ಹತ್ತೊಂಬತ್ತು ವರ್ಷದವನಿಗೆ ಮರೆಯಲ್ಲಿ ತಪ್ಪು ಮಾಡುವ ಹಕ್ಕಿದೆ. ರದ್ದಿ ಅಂಗಡಿಗೆ ಹೋಗುವ ನೋಟ್‌ಬುಕ್ಕನ್ನು ಮೇಲೆ ಹಳಿದೆನಲ್ಲ, ಅದರ ಒಂದು ಗುಣವನ್ನು ಒಪ್ಪಬೇಕು: ಅದು ಮರೆಯುತ್ತದೆ. ನಾನು ಇಪ್ಪತ್ತರಲ್ಲಿ ಬರೆದ ಪ್ರಬಂಧಗಳು ಇಂದು ಯಾರ ಕೈಗೂ ಸಿಗುವುದಿಲ್ಲವೆಂಬುದು ನನಗೆ ದೊಡ್ಡ ನೆಮ್ಮದಿ. ನನ್ನ ವಿದ್ಯಾರ್ಥಿಗಳಿಗೆ ಆ ನೆಮ್ಮದಿಯನ್ನು ನಾನೇಕೆ ತಪ್ಪಿಸಲಿ?

ಹಾಗಾದರೆ ಬಿಟ್ಟುಬಿಡುವುದೆ? ಅದಕ್ಕೂ ಮನಸ್ಸು ಬರುವುದಿಲ್ಲ. 'ಆಧಾರವೇನು?' ಎಂದು ಅಪರಿಚಿತನೊಬ್ಬ ಕೇಳಿದ ಆ ಒಂದು ಸಾಲನ್ನು ನಾನು ಎಷ್ಟು ಕೂಗಿದರೂ ತರಗತಿಯೊಳಗೆ ಹುಟ್ಟಿಸಲಾರೆ. ಸದ್ಯಕ್ಕೆ ನಾನು ಮಾಡಿಕೊಂಡಿರುವ ಏರ್ಪಾಡು ಇದು. ಹೊಸ ಲೇಖನ ಬರೆಯುವುದನ್ನು ಯಾರಿಗೂ ಕಡ್ಡಾಯ ಮಾಡುವುದಿಲ್ಲ. ನೋಟ್‌ಬುಕ್ಕಿನ ಪ್ರಬಂಧ ಬೇಕಾದವರು ಅದನ್ನೇ ಬರೆಯಬಹುದು; ಅಂಕ ಒಂದೇ. ಮತ್ತೊಂದು ದಾರಿ ಹಿಡಿದವರಿಗೆ ಮೊದಲು ಕರಡು ತಿದ್ದುವ ಕೆಲಸ. ಪುಸ್ತಕದ ಚಿತ್ರ ಪಕ್ಕದಲ್ಲಿಯೇ ಇರುವುದರಿಂದ ಅಲ್ಲಿ ಆಗಬಹುದಾದ ಹಾನಿ ಕಡಮೆ. ಅದರಲ್ಲಿಯೂ ಅಂಕ ಪುಟದ ಎಣಿಕೆಗಲ್ಲ. ಸಂಶಯ ಬಂದ ಅಕ್ಷರಗಳನ್ನು ಪಟ್ಟಿ ಮಾಡಿ ತಂದು ಯಾಕೆ ಹೀಗೆ ತಿದ್ದಿದೆ ಎಂದು ನನ್ನೆದುರಿಗೆ ಹೇಳುವುದಕ್ಕೆ. ಲೇಖನ ಬರೆಯಲೇಬೇಕೆನ್ನುವವರು ಕಾಗದದ ಮೇಲೆ ಬರೆದು, ಆಧಾರಗಳೊಡನೆ ನನಗೆ ತೋರಿಸಿ ಅಂಕ ಪಡೆಯುತ್ತಾರೆ. ಅದನ್ನು ವಿಕಿಪೀಡಿಯಕ್ಕೆ ಹಾಕುವುದೊ ಬಿಡುವುದೊ, ಅಂಕ ದಾಖಲಾದ ಮೇಲೆ ಅವರವರ ಇಷ್ಟ.

ಇದರಿಂದ ಕಡತದ ಸಂಖ್ಯೆ ಚೆನ್ನಾಗಿಯೇ ಇಳಿಯಿತು. ಅಂಕ ಬಂದ ಮರುದಿನವೇ ಬಹುಪಾಲು ಹುಡುಗರು ಆ ಕಡೆ ತಿರುಗಿ ನೋಡುವುದನ್ನು ಬಿಟ್ಟರು. ಬಿಡುತ್ತಾರೆಂದು ನನಗೆ ಗೊತ್ತಿತ್ತು. ಇಬ್ಬರು ಮಾತ್ರ ಬೇಸಗೆ ರಜೆಯಲ್ಲಿಯೂ ತಿದ್ದುತ್ತಿದ್ದರು. ಅವರಲ್ಲಿ ಒಬ್ಬಳು 'ಅವರ್ಗಳು' ಎಂದು ಕೇಳಿದ ಆ ಹುಡುಗಿ. ಉಳಿದವರು ಹಳದಿಯಲ್ಲಿ ಬಿಟ್ಟುಹೋದ ಪುಟಗಳು ಎರಡನೆಯ ಕಣ್ಣಿಗಾಗಿ ಕಾದಿವೆ. ಕೆಲವನ್ನು ಬಿಡುವಾದಾಗ ನಾನು ನೋಡುತ್ತೇನೆ. ಮಿಕ್ಕವು ಮತ್ತೆ ಆ ನಾಲ್ಕಾರು ಮಂದಿಯ ಪಾಲಿಗೇ.