ಕೊಲೆಗಾರ ಯಾರು ಅಂತ ಮೊದಲೇ ಗೊತ್ತಿತ್ತು

ಪತ್ತೇದಾರಿ ಸಿನಿಮಾ ನೋಡುತ್ತಾ ಇಂಟರ್ವಲ್ಲಿಗೂ ಮುಂಚೆಯೇ ಪಕ್ಕದವನ ಕಿವಿಯಲ್ಲಿ "ಕೊಲೆ ಮಾಡಿದೋನು ಇವನೇ ಕಣೋ, ಬೇಕಾದ್ರೆ ನೋಡ್ತಿರು" ಅಂತ ಹೇಳುವುದರಲ್ಲಿ ಒಂದು ಸುಖ ಇದೆ. ಕೊನೆಗೆ ಅದು ನಿಜವಾಗಿಬಿಟ್ಟರೆ ಮನೆ ತಲುಪುವ ತನಕ ನಮ್ಮ ನಡಿಗೆಯೇ ಬೇರೆ. ಇಂಥದರ ಬಗ್ಗೆ ಬರೆಯುವುದು ಹೊಟ್ಟೆ ತುಂಬಿದವರ ಹರಟೆ ಅಂತ ಕೆಲವು ಗೆಳೆಯರಿಗೆ ಅನ್ನಿಸಬಹುದು. ಆದರೆ ನಮ್ಮ ಜನ ಕೂಲಿ ಕಾಸು ಉಳಿಸಿ ಗಾಂಧಿ ಕ್ಲಾಸಿನಲ್ಲಿ ಕೂತು ನೋಡಿದ್ದು ಸಿನಿಮಾವನ್ನೇ. ಈಗ ಅಂಗೈಯ ಮೊಬೈಲಿನಲ್ಲಿ ನೋಡುತ್ತಿರುವುದೂ ಅದನ್ನೇ. ಜನ ಎಲ್ಲಿ ಕೂತು ಬುದ್ಧಿ ಓಡಿಸುತ್ತಾರೋ ಅಲ್ಲಿ ನೀತಿಯ ಪ್ರಶ್ನೆಯೂ ಬಂದು ಕೂತಿರುತ್ತೆ.

ನಮ್ಮ ಪ್ರಶ್ನೆ ಇಷ್ಟು: ಊಹೆ ನಿಜವಾದ ಮಾತ್ರಕ್ಕೆ ನಮಗೆ ಸತ್ಯ ಗೊತ್ತಿತ್ತು ಅಂತ ಆಗುತ್ತದೆಯೇ? ಟಾಕೀಸಿನ ಒಳಗೆ ನಾವು ಕೊಲೆಗಾರನನ್ನು ಊಹಿಸುವ ರೀತಿಗೂ ಊರಿನ ಒಳಗೆ ಕಳ್ಳನನ್ನು ಊಹಿಸುವ ರೀತಿಗೂ ಯಾಕಿಷ್ಟು ಅಂತರ?

ಮೊದಲು ಸಿನಿಮಾದ ಊಹೆ ಹೇಗೆ ಹುಟ್ಟುತ್ತೆ ನೋಡೋಣ. ಮುಖದ ಮೇಲೆ ಗಾಯದ ಗುರುತಿರುವವನು, ಕುಡುಕ, ಕತ್ತಿ ಹಿಡಿದು ಓಡಾಡುವ ತೋಟದ ಆಳು ಮೊದಲ ಅರ್ಧದಲ್ಲೇ ಕಾಣಿಸಿದರೆ ಅವನು ಖಂಡಿತಾ ಕೊಲೆಗಾರನಲ್ಲ. ದೊಡ್ಡ ನಟನೊಬ್ಬ ಎರಡೇ ಮಾತಾಡಿ ನಗುತ್ತಾ ಹೋದರೆ ಅವನ ಮೇಲೆ ಕಣ್ಣಿಡಬೇಕು. ಸತ್ತವನಿಗಾಗಿ ಎಲ್ಲರಿಗಿಂತ ಹೆಚ್ಚು ಅಳುವ ಡಾಕ್ಟರನ್ನೂ ಬಿಡಬಾರದು. ಈ ಲೆಕ್ಕ ಹತ್ತು ಸಿನಿಮಾ ನೋಡಿದ ಹುಡುಗನಿಗೂ ಬಾಯಿಪಾಠ. ಇದರಲ್ಲಿ ಕೊಲೆಯ ಬಗ್ಗೆ ನಮಗೆ ತಿಳಿದದ್ದು ಏನೂ ಇಲ್ಲ. ಕಥೆ ಕಟ್ಟುವವನ ಚಾಳಿ ಮಾತ್ರ ತಿಳಿದಿದೆ. ಅವನು ನಮ್ಮನ್ನು ಎತ್ತ ಎಳೆಯುತ್ತಾನೋ ಅದರ ಎದುರು ದಿಕ್ಕಿಗೆ ನಡೆದರೆ ಸಾಕು, ಸತ್ಯ ಸಿಕ್ಕಿಬಿಡುತ್ತೆ.

ಈ ಚಾಳಿಯನ್ನು ಚೆನ್ನಾಗಿ ಬಲ್ಲ ಹಿಚ್‌ಕಾಕ್ 1960ರ 'ಸೈಕೋ'ದಲ್ಲಿ ನಾಯಕಿಯನ್ನೇ ಅರ್ಧ ದಾರಿ ಬರುವ ಮುಂಚೆ ಕೊಲ್ಲಿಸಿಬಿಟ್ಟ. ದೊಡ್ಡ ನಟಿ ಕೊನೆಯ ತನಕ ಇರುತ್ತಾಳೆ ಅನ್ನುವ ನಂಬಿಕೆ ಮೇಲೆ ಕೂತಿದ್ದವರ ಊಹೆಗಳೆಲ್ಲ ಅಲ್ಲೇ ಮುರಿದು ಬಿದ್ದವು. ಸಿನಿಮಾ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಕೂಡದು ಅಂತ ಟಾಕೀಸಿನವರಿಗೆ ಕಟ್ಟಪ್ಪಣೆ ಬೇರೆ ಮಾಡಿದ. 1952ರಲ್ಲಿ ಲಂಡನ್ನಿನಲ್ಲಿ ಶುರುವಾದ ಅಗಾಥಾ ಕ್ರಿಸ್ಟಿಯ 'ದಿ ಮೌಸ್‌ಟ್ರ್ಯಾಪ್' ನಾಟಕದ ಕೊನೆಗೆ ಗುಟ್ಟನ್ನು ಹೊರಗೆ ಹೇಳಬೇಡಿ ಅಂತ ಪ್ರೇಕ್ಷಕರನ್ನು ಕೇಳಿಕೊಳ್ಳುವ ರೂಢಿಯಿದೆ. ಗುಟ್ಟೇ ಅಲ್ಲಿ ಬಂಡವಾಳ. ಬಯಲಾದರೆ ವ್ಯಾಪಾರ ಕೆಡುತ್ತದೆ.

ಇದಕ್ಕೆ ನಮ್ಮ ಪಕ್ಕದ ಉದಾಹರಣೆಯೂ ಇದೆ. 1993ರ ಮಲಯಾಳಂ ಸಿನಿಮಾ 'ಮಣಿಚಿತ್ರತ್ತಾಳ್' ಮುಂದೆ 2004ರಲ್ಲಿ ಕನ್ನಡಕ್ಕೆ 'ಆಪ್ತಮಿತ್ರ'ವಾಗಿ ಬಂತು. ಮಲಯಾಳಂನಲ್ಲಿ ಎಲ್ಲರ ಅನುಮಾನ ಹೊತ್ತು ನಿಲ್ಲುವ ಹುಡುಗಿಯ ಪಾತ್ರ ಮಾಡಿದ್ದು ನಮ್ಮ ವಿನಯಾ ಪ್ರಸಾದ್. ಆ ಹುಡುಗಿಯ ಜಾತಕದಲ್ಲಿ ದೋಷ. ಮನೆಯಲ್ಲಿ ಏನು ಕೆಟ್ಟದ್ದಾದರೂ ಕಣ್ಣು ಅವಳ ಕಡೆಗೇ. ಕೊನೆಗೆ ನೋಡಿದರೆ ಅವಳಿಗೂ ಅದಕ್ಕೂ ಸಂಬಂಧವೇ ಇಲ್ಲ. ಜಾಣ ಪ್ರೇಕ್ಷಕ ಇದನ್ನು ಮೊದಲೇ ಹಿಡಿಯುತ್ತಾನೆ: "ಇಷ್ಟು ಮಂದಿ ಅವಳನ್ನೇ ಬೆರಳು ಮಾಡಿ ತೋರಿಸ್ತಾ ಇದಾರೆ ಅಂದ್ರೆ ಅವಳಲ್ಲ ಬಿಡು."

ಗೆಳೆಯರೇ, ಈ ಮಾತನ್ನು ಇನ್ನೊಂದು ಸಲ ಓದಿ. ಎಲ್ಲರೂ ಬೆರಳು ತೋರಿಸುತ್ತಿದ್ದಾರೆ ಅಂದರೆ ತಡೆದು ಯೋಚಿಸಬೇಕು. ಇದು ದೊಡ್ಡ ನೀತಿ. ಕಾನೂನು ಓದಿದವರಿಗೂ ಸುಲಭಕ್ಕೆ ದಕ್ಕದ ಈ ವಿವೇಕವನ್ನು ಟಾಕೀಸಿನ ಕತ್ತಲೆ ನಮ್ಮ ಜನಕ್ಕೆ ಕಲಿಸಿದೆ. ಆದರೆ ಆಟ ಬಿಟ್ಟು ಬೆಳಕಿಗೆ ಬಂದ ಕೂಡಲೇ ಅದು ಎಲ್ಲಿ ಹೋಗುತ್ತೆ?

ಊರಲ್ಲಿ ಕುರಿ ಕಳೆದರೆ, ತೋಟದ ಮೋಟಾರು ಕಳುವಾದರೆ, ಮದುವೆ ಮನೆಯಲ್ಲಿ ಓಲೆ ಕಾಣೆಯಾದರೆ ಜೀಪು ಮೊದಲು ಎಲ್ಲಿಗೆ ಬರುತ್ತೆ? ಹೊಲಗೇರಿಗೆ, ಮಾದಿಗರ ಹಟ್ಟಿಗೆ, ಊರಾಚೆ ಗುಡಾರ ಹಾಕಿಕೊಂಡ ಅಲೆಮಾರಿಗಳ ಬಳಿಗೆ. ಅಲ್ಲಿ ಯಾರೂ "ಇದು ಕಥೆ ಕಟ್ಟುವವನ ಚಾಳಿ, ಇವನಿರಲಾರ" ಅಂತ ಹೇಳುವುದಿಲ್ಲ. ಸಿನಿಮಾದಲ್ಲಿ ಯಾವ ಮುಖ ನಿರಪರಾಧಿಯ ಮುಖವೋ ಊರಲ್ಲಿ ಅದೇ ಮುಖ ಕಳ್ಳನ ಮುಖ.

ಇದನ್ನು ಬ್ರಿಟಿಷರು ಕಾಯ್ದೆಯನ್ನೇ ಮಾಡಿಟ್ಟಿದ್ದರು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಹುಟ್ಟಿನಿಂದಲೇ ಕಳ್ಳರು ಅಂತ ಕೆಲವು ಸಮುದಾಯಗಳ ಪಟ್ಟಿ ಮಾಡಿತು. 1911ರ ಕಾಯ್ದೆ ಅದನ್ನು ದಕ್ಷಿಣಕ್ಕೂ ತಂದಿತು. ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಜನರನ್ನು ಕೂಡಿಹಾಕಲು ಸೆಟ್ಲಮೆಂಟುಗಳಾದವು. ಆ ಹೆಸರು ಇಂದಿಗೂ ಆ ಕೇರಿಗಳಿಗೆ ಅಂಟಿಕೊಂಡಿದೆ. ಹಾಜರಿ ಕೊಡಬೇಕು, ಕೇಳದೆ ಊರು ಬಿಡಬಾರದು. ಗಂಟಿಚೋರರು ಅನ್ನುವ ಸಮುದಾಯಕ್ಕೆ ಹೆಸರಿನಲ್ಲೇ ಚೋರತನ ಕಟ್ಟಿಬಿಟ್ಟರು. ಕಥೆ ಶುರುವಾಗುವ ಮುಂಚೆಯೇ ಕೊನೆ ಬರೆದಾಗಿತ್ತು. 1952ರಲ್ಲಿ ಕಾಯ್ದೆ ರದ್ದಾಯಿತು. ಆದರೆ ರೂಢಿಗತ ಅಪರಾಧಿ ಅನ್ನುವ ಹೊಸ ಹೆಸರಿನಲ್ಲಿ ಹಳೆಯ ಅನುಮಾನ ಉಳಿಯಿತು. ಜೈಲಿನ ಕೈಪಿಡಿಗಳಲ್ಲಿ ಜಾತಿ ನೋಡಿ ಕೆಲಸ ಹಂಚುವುದು ತಪ್ಪು ಅಂತ ಸುಪ್ರೀಂ ಕೋರ್ಟು ಹೇಳಿದ್ದು 2024ರ ಅಕ್ಟೋಬರಿನಲ್ಲಿ.

ಊಹೆಗೆ ಇನ್ನೊಂದು ಮುಖವಿದೆ: "ಇಂಥವರು ಮಾಡಿರಲಾರರು" ಅನ್ನುವ ಊಹೆ. 1968ರ ಡಿಸೆಂಬರ್ 25ರ ರಾತ್ರಿ ತಂಜಾವೂರಿನ ಕೀಳ್ವೆಣ್ಮಣಿಯಲ್ಲಿ ಕೂಲಿ ಹೆಚ್ಚಿಗೆ ಕೇಳಿದ ದಲಿತರ ಕೇರಿಗೆ ಬೆಂಕಿ ಬಿತ್ತು. ಒಂದೇ ಗುಡಿಸಲಿನಲ್ಲಿ 44 ಜನ ಸುಟ್ಟುಹೋದರು, ಹೆಚ್ಚಿನವರು ಹೆಂಗಸರು, ಮಕ್ಕಳು. 1973ರಲ್ಲಿ ಮದ್ರಾಸ್ ಹೈಕೋರ್ಟು ಭೂಮಾಲೀಕರನ್ನು ಬಿಟ್ಟುಬಿಟ್ಟಿತು. ಇಷ್ಟು ಜಮೀನುಳ್ಳ, ಕಾರು ಇರುವ ಶ್ರೀಮಂತರು ತಾವೇ ಅಲ್ಲಿಗೆ ನಡೆದುಹೋಗಿ ಬೆಂಕಿ ಹಚ್ಚಿದರು ಅನ್ನುವುದನ್ನು ನಂಬುವುದು ಅದಕ್ಕೆ ಕಷ್ಟವಾಯಿತು. ರಾಜಸ್ತಾನದ ಭಂವರಿ ದೇವಿ ಬಾಲ್ಯವಿವಾಹ ತಡೆಯಲು ಹೋಗಿ 1992ರಲ್ಲಿ ಸಾಮೂಹಿಕ ಅತ್ಯಾಚಾರಕ್ಕೆ ಒಳಗಾದರು. ಮೇಲ್ಜಾತಿಯವರು ಕೆಳಜಾತಿಯ ಹೆಣ್ಣನ್ನು ಮುಟ್ಟಿ ಮೈಲಿಗೆಯಾಗಲು ಹೋಗಲಾರರು ಅನ್ನುವ ತರ್ಕ 1995ರ ತೀರ್ಪಿನಲ್ಲಿ ಜಾಗ ಪಡೆಯಿತು. ಹತ್ತು ಪತ್ತೇದಾರಿ ಸಿನಿಮಾ ನೋಡಿದ ನಮ್ಮ ಹುಡುಗ ನ್ಯಾಯಪೀಠದಲ್ಲಿ ಕೂತಿದ್ದರೆ "ಸ್ವಾಮಿ, ಕಾರಿದ್ದೋರ ಮೇಲೇ ಮೊದಲು ಕಣ್ಣಿಡಬೇಕು" ಅಂತಿದ್ದ. ಅದೂ ಪುರಾವೆಯಾಗುತ್ತಿರಲಿಲ್ಲ, ನಿಜ. ಆದರೆ ಕಾರನ್ನೇ ಪುರಾವೆ ಅಂತ ಅವನು ಕರೆಯುತ್ತಿರಲಿಲ್ಲ.

ಹಾಗಾದರೆ ಊಹಿಸಲೇಬಾರದೇ? ಊಹೆ ಇಲ್ಲದೆ ಮನುಷ್ಯ ಹೆಜ್ಜೆ ಇಡಲಾರ. ಕಾಲಾಮರು ಬುದ್ಧನನ್ನು ಯಾರ ಮಾತು ನಂಬಬೇಕು ಅಂತ ಕೇಳಿದಾಗ, ಕೇಳಿದ್ದನ್ನು, ಗ್ರಂಥದಲ್ಲಿದ್ದದ್ದನ್ನು, ಬರೀ ತರ್ಕದಿಂದ ಊಹಿಸಿದ್ದನ್ನು ಅಷ್ಟಕ್ಕೇ ಒಪ್ಪಬೇಡಿ ಅಂದನಂತೆ. ಊಹಿಸಿದ ಮೇಲೆ ಪರೀಕ್ಷಿಸುವ ಹೊಣೆ ಇದೆ. 1957ರ 'ಟ್ವೆಲ್ವ್ ಆಂಗ್ರಿ ಮೆನ್' ನೋಡಿ. 1986ರಲ್ಲಿ ಬಾಸು ಚಟರ್ಜಿ ಇದನ್ನು ಹಿಂದಿಯಲ್ಲಿ 'ಏಕ್ ರುಕಾ ಹುವಾ ಫೈಸಲಾ' ಅಂತ ಮಾಡಿದರು. ಕೊಳೆಗೇರಿಯ ಹುಡುಗನ ಮೇಲೆ ಅಪ್ಪನನ್ನು ಕೊಂದ ಆರೋಪ. ಹನ್ನೊಂದು ಜನ ಗಲ್ಲಿಗೆ ಕೈ ಎತ್ತುತ್ತಾರೆ, ಒಬ್ಬ ಮಾತ್ರ ಮಾತಾಡೋಣ ಅಂತಾನೆ. ಕೊನೆಗೂ ಕೊಂದವನು ಯಾರು ಅಂತ ಸಿನಿಮಾ ಹೇಳುವುದೇ ಇಲ್ಲ. ನಮಗೆ ಗೊತ್ತಾಗುವುದು ಇಷ್ಟು: ಆ ಹನ್ನೊಂದು ಜನರ ಖಾತ್ರಿ ಎಷ್ಟು ಪೊಳ್ಳಾಗಿತ್ತು.

ಈಗ ನಮ್ಮ ಕಡೆಗೇ ತಿರುಗೋಣ. ಕೆಳಗೆ ಬದುಕುವವರಿಗೆ ಕಥೆಯ ಕೊನೆ ಮೊದಲೇ ಗೊತ್ತಿರುತ್ತೆ ಅನ್ನುವ ಮಾತಿದೆ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. "ಇದು ನಮಗೆ ಮೊದಲೇ ಗೊತ್ತಿತ್ತು ಕಣಪ್ಪ" ಅಂತ ಹಟ್ಟಿಯ ಹಿರಿಯರು ನಿಟ್ಟುಸಿರು ಬಿಡುತ್ತಾರೆ. ಆ ನಿಟ್ಟುಸಿರಿನ ಹಿಂದೆ ತಲೆಮಾರುಗಳ ಅನುಭವವಿದೆ. ಅದನ್ನು ಹಗುರವಾಗಿ ಕಾಣಲು ಯಾರಿಗೂ ಹಕ್ಕಿಲ್ಲ.

ಆದರೂ ಒಂದು ಮಾತು ಹೇಳಲೇಬೇಕು. ಟಾಕೀಸಿನಲ್ಲಿ ನಾವು ಏನು ಊಹಿಸಿದರೂ ಕೊನೆಯ ರೀಲು ಬದಲಾಗದು. ಅದು ಅಚ್ಚಾಗಿ ಡಬ್ಬಿಯಲ್ಲಿ ಕೂತಿದೆ. ಬದುಕಿನ ರೀಲು ಹಾಗಲ್ಲ. ಅಲ್ಲಿ ಊಹೆಯೂ ಕಥೆಯೊಳಗೆ ನುಗ್ಗಿ ಒಂದು ಪಾತ್ರವಾಗುತ್ತೆ. ಕೇಸು ನಿಲ್ಲೋದಿಲ್ಲ ಅಂತ ಊಹಿಸಿದ ಸಾಕ್ಷಿ, ಗೌಡರ ಜಮೀನಿನಲ್ಲೇ ನಾಳೆ ಕೂಲಿಗೆ ಹೋಗಬೇಕಾದವನು, ಕೋರ್ಟಿನಲ್ಲಿ ಮಾತು ನುಂಗುತ್ತಾನೆ. ಕೇಸು ಬೀಳುತ್ತದೆ. ಊಹೆ ನಿಜವಾಯಿತು ಅನ್ನುತ್ತೇವೆ, ಆದರೆ ಅದನ್ನು ನಿಜ ಮಾಡಿದ್ದರಲ್ಲಿ ಊಹೆಯ ಕೈಯೂ ಇದೆ. ಉಳ್ಳವರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಅವರು ಬೆದರಿಕೆಗಿಂತ ಮೊದಲು "ಏನೂ ಆಗಲ್ಲ ಬಿಡ್ರೋ" ಅನ್ನುವ ಮಾತನ್ನು ಕೇರಿಯಲ್ಲಿ ಬಿತ್ತುತ್ತಾರೆ.

ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟಿನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಹಚ್ಚಿದರು. ಆ ಜಗಳದ ಕಿಡಿ ಹೊತ್ತಿದ್ದೂ ಒಂದು ಸಿನಿಮಾ ನೋಡಲು ಹೋದಾಗಲೇ. ಹತ್ತು ವರ್ಷ ಕೇಸು ನಡೆಯಿತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಕೋರ್ಟು 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಈ ತಿರುವನ್ನು ಎಷ್ಟು ಜನ ಊಹಿಸಿದ್ದರು? ಮುಂದಿನ ತಿಂಗಳೇ ಹೈಕೋರ್ಟಿನಲ್ಲಿ ಬಹುತೇಕರಿಗೆ ಜಾಮೀನು ಸಿಕ್ಕಿತು ಅನ್ನುವುದೂ ನಿಜ. ಆದರೆ ಆ 98ರ ತೀರ್ಪು ಬಂದದ್ದು ಕೊನೆ ಗೊತ್ತಿದೆ ಅಂತ ಮನೆಗೆ ಹೋದವರಿಂದ ಅಲ್ಲ. ಹತ್ತು ವರ್ಷ ಕೋರ್ಟಿನ ಮೆಟ್ಟಿಲು ಹತ್ತಿಳಿದು ಹೇಳಬೇಕಾದ್ದನ್ನು ಹೇಳಿದವರಿಂದ.

ಇನ್ನು 'ಯಾರು' ಅನ್ನುವ ಪ್ರಶ್ನೆಯ ಮಿತಿ. ನಮ್ಮ ಬಯಲಾಟದಲ್ಲಿ ಕೀಚಕ ಸಾಯುತ್ತಾನೆ ಅಂತ ಕೂತಿರುವ ಕೂಸಿಗೂ ಗೊತ್ತು. ನಾನು ಮೊದಲೇ ಹೇಳಿದ್ದೆ ಅಂತ ಯಾರೂ ಎದೆ ತಟ್ಟಿಕೊಳ್ಳುವುದಿಲ್ಲ. ಆದರೂ ಬೆಳಗಿನ ಜಾವದ ತನಕ ಕಣ್ಣು ಮುಚ್ಚದೆ ನೋಡುತ್ತಾರೆ. ಲಂಕೇಶರು ಕನ್ನಡಕ್ಕೆ ತಂದ ಈಡಿಪಸ್ ದೊರೆಯ ಕಥೆಯೂ ಗ್ರೀಕರಿಗೆ ಮೊದಲೇ ಗೊತ್ತಿದ್ದದ್ದೇ. ಊರಿಗೆ ಬಂದ ಪಿಡುಗಿಗೆ ಕಾರಣವಾದ ಕೊಲೆಗಾರನನ್ನು ಹುಡುಕಿ ಹೊರಟ ದೊರೆ ಕೊನೆಗೆ ತನ್ನನ್ನೇ ಕಾಣುತ್ತಾನೆ. ಪತ್ತೇದಾರಿ ಸಿನಿಮಾ ಇಷ್ಟು ದೂರ ಬರುವುದು ಕಮ್ಮಿ. ಒಬ್ಬನನ್ನು ಹಿಡಿದು ಬೇಡಿ ತೊಡಿಸಿ, ಉಳಿದವರೆಲ್ಲ ಒಳ್ಳೆಯವರು ಅಂತ ಸಮಾಧಾನ ಹೇಳಿ ಮನೆಗೆ ಕಳಿಸುತ್ತೆ. ಕಂಬಾಲಪಲ್ಲಿಯಲ್ಲಿ ಕಡ್ಡಿ ಗೀರಿದವನೊಬ್ಬನ ಹೆಸರು ಗೊತ್ತಾದರೂ ಪ್ರಶ್ನೆ ಮುಗಿಯುತ್ತಿರಲಿಲ್ಲ. ಬಾಯಿ ಮುಚ್ಚಿಸಿದವರು ಯಾರು, ಮುಚ್ಚಿದ ಬಾಯಿ ನೋಡಿ ಸುಮ್ಮನಿದ್ದವರು ಯಾರು ಅನ್ನುವ ಸಾಲು ನಮ್ಮ ಕುರ್ಚಿಗಳ ತನಕ ಬರುತ್ತದೆ.

ಹಳ್ಳಿ ಶಾಲೆಗಳಲ್ಲಿ ಪಾಠ ಮಾಡುವ ಗೆಳೆಯರಿಗೆ ಒಂದು ಕೋರಿಕೆ. ನಿಮ್ಮ ತರಗತಿಯಲ್ಲಿ ಒಂದು ಜಾಮಿಟ್ರಿ ಬಾಕ್ಸು ಕಳೆದುಹೋಗುತ್ತೆ. "ಯಾರು ತಗೊಂಡ್ರಿ?" ಅಂತ ನೀವು ಕೇಳುವ ಮುಂಚೆಯೇ ನಲವತ್ತು ಕಣ್ಣು ಕೊನೆಯ ಬೆಂಚಿನ ಒಂದೇ ಮಗುವಿನ ಕಡೆ ತಿರುಗುತ್ತವೆ. ಆ ಹೊತ್ತಿನಲ್ಲಿ ಮೇಷ್ಟ್ರೂ ಅತ್ತ ತಿರುಗಿದರೆ ಆ ಮಗು ನಾಳೆ ಶಾಲೆಗೆ ಬಾರದೆ ಇರಬಹುದು. ಹಾಗೆ ತಿರುಗುವ ಬದಲು ಕೇಳಿ: "ನೀನು ಕಣ್ಣಾರೆ ಕಂಡದ್ದು ಯಾವುದು? ಊಹಿಸಿದ್ದು ಯಾವುದು?" ಕಂಡದ್ದನ್ನು ಬೋರ್ಡಿನ ಒಂದು ಕಡೆ, ಊಹಿಸಿದ್ದನ್ನು ಇನ್ನೊಂದು ಕಡೆ ಬರೆಸಿ. ಕಂಡದ್ದರ ಕಡೆ ಎಷ್ಟು ಜಾಗ ಖಾಲಿ ಉಳಿಯುತ್ತೆ ಅಂತ ಮಕ್ಕಳೇ ನೋಡಲಿ.