ಎರಡು ಮೊಳ ಬಯಲು

ನಮ್ಮ ಮನೆಯ ಮಹಡಿಯಲ್ಲಿ ಮಲಗುವ ಕೋಣೆಗೂ ಬಚ್ಚಲಿಗೂ ನಡುವೆ ಓಣಿಯಂಥ ಒಂದು ಜಾಗ ಉಳಿದುಬಿಟ್ಟಿತ್ತು. ಅಗಲ ನಾಲ್ಕು ಮುಕ್ಕಾಲು ಅಡಿ, ಉದ್ದ ಹತ್ತು ಅಡಿ. ಅದರಲ್ಲೂ ಕೊನೆಯ ಮೂರು ಅಡಿಯಲ್ಲಿ, ತಾರಸಿಗೆ ಹೋಗುವ ಮೆಟ್ಟಿಲಿನ ಅಡಿಭಾಗ ಇಳಿಜಾರಾಗಿ ತಲೆಯ ಮೇಲೆ ಬಾಗಿ ನಿಂತಿದೆ. ಬೆಂಗಳೂರಿನಲ್ಲಿ 30×40 ನಿವೇಶನದ ಮೇಲೆ ಮನೆ ಕಟ್ಟಿಸಿದವರಿಗೆ ಇಂಥದೊಂದು ಜಾಗದ ಪರಿಚಯ ಇದ್ದೇ ಇರುತ್ತದೆ. ಕೋಣೆ ಎನ್ನೋಣವೆಂದರೆ ಅಗಲವಿಲ್ಲ, ಬಿಟ್ಟುಬಿಡೋಣವೆಂದರೆ ಅಷ್ಟು ದುಡ್ಡು ಸುರಿದ ನೆಲ. ಹೆಸರಿಲ್ಲದ ಜಾಗಕ್ಕೆ ಹೆಸರಿಲ್ಲದ ವಸ್ತುಗಳೇ ಬಂದು ಸೇರುತ್ತವೆ. ಮದುವೆಗಳಲ್ಲಿ ಬಂದು ಬಿಚ್ಚದೇ ಉಳಿದ ಉಡುಗೊರೆಯ ಡಬ್ಬಗಳು, ಕೆಟ್ಟ ಟೇಬಲ್ ಫ್ಯಾನು, ಯಾರೂ ಓದದ ಹಳೆಯ ಸಂಚಿಕೆಗಳು ಅಲ್ಲಿ ಇಪ್ಪತ್ತು ವರ್ಷ ವಾಸವಾಗಿದ್ದವು.

ಕಳೆದ ವರ್ಷ ಸೊಸೆ ಹೇಳಿದಳು: “ಮಾವ, ಇದನ್ನೇ ವಾಕ್-ಇನ್ ವಾರ್ಡ್‌ರೋಬ್ ಮಾಡಿಸೋಣ. ಮೂರು ಬೀರುಗಳಲ್ಲಿ ಹರಡಿರೋ ಬಟ್ಟೆಯೆಲ್ಲ ಒಂದೇ ಕಡೆ ಬರುತ್ತೆ.”

ಒಳಗೆ ನಡೆದು ಹೋಗುವ ಕಪಾಟು. ಆ ಮಾತನ್ನು ಕೇಳಿದಂದಿನಿಂದ ಅದು ನನ್ನನ್ನು ಬಿಟ್ಟಿಲ್ಲ. ಬೀರುವಿನ ಮುಂದೆ ನಾವು ನಿಲ್ಲುತ್ತೇವೆ. ಬಾಗಿಲು ತೆಗೆಯುತ್ತೇವೆ, ಬೇಕಾದದ್ದನ್ನು ಎತ್ತಿಕೊಳ್ಳುತ್ತೇವೆ, ಮುಚ್ಚುತ್ತೇವೆ. ವಸ್ತು ಒಳಗೆ, ನಾವು ಹೊರಗೆ. ಈ ಹೊಸ ಬಗೆಯ ಕೋಣೆಯಲ್ಲಾದರೋ ವಸ್ತುವೂ ಒಳಗೆ, ನಾವೂ ಒಳಗೆ. ಹಾಗಾದರೆ ಅಲ್ಲಿ ಮೊದಲು ಜಾಗ ಕೇಳಬೇಕಾದವರು ಯಾರು? ಇಟ್ಟ ಬಟ್ಟೆಯೋ, ಉಡುವ ಮನುಷ್ಯನೋ? ವಿಶಾಲವಾದ ಮನೆಯಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ, ಅಲ್ಲಿ ಇಬ್ಬರಿಗೂ ಬೇಕಾದಷ್ಟಿದೆ. ಇಕ್ಕಟ್ಟಾದ ಕಡೆ ಮಾತ್ರ ಬಟ್ಟೆಗೆ ಕೊಟ್ಟ ಒಂದೊಂದು ಇಂಚನ್ನೂ ಮನುಷ್ಯನಿಂದ ಕಿತ್ತುಕೊಳ್ಳಬೇಕು.

ಮಗ ಕಾಗದದ ಮೇಲೆ ಲೆಕ್ಕ ಹಾಕಿದ್ದ. ಒಂದು ಗೋಡೆಗೆ ಹ್ಯಾಂಗರ್ ತೂಗುವ ಕಪಾಟು, 21 ಇಂಚು ಆಳ. ಎದುರು ಗೋಡೆಗೆ ಮಡಿಸಿದ ಬಟ್ಟೆ ಇಡುವ ಹಲಗೆಗಳು, 14 ಇಂಚು. ಒಟ್ಟು 57 ಇಂಚಿನಲ್ಲಿ ನಡುವೆ 22 ಇಂಚು ಉಳಿಯುತ್ತದೆ. ನಡೆದು ಹೋಗಲು ಸಾಲದೇ ಎಂದು ಕೇಳಿದ. ಲೆಕ್ಕದಲ್ಲಿ ತಪ್ಪಿರಲಿಲ್ಲ.

ಕೆಲಸಕ್ಕೆ ಬಂದ ಆಚಾರ್ರು ಮಂಡ್ಯದ ಕಡೆಯವರು, ಅರವತ್ತು ದಾಟಿದವರು. ಅವರು ಕಾಗದವನ್ನು ನೋಡಿ ಮಡಿಸಿ ಜೇಬಿಗಿಟ್ಟುಕೊಂಡರು. ಆಮೇಲೆ ಸೊಸೆಗೆ ಹೇಳಿದರು: “ಅಮ್ಮಾ, ಒಂದ್ಸಲ ಇಲ್ಲಿ ಮಧ್ಯದಲ್ಲಿ ನಿಂತ್ಕೊಳಿ. ಸೀರೆ ನೆರಿಗೆ ಹಿಡಿಯೋ ಹಂಗೆ ಕೈ ಮಾಡಿ. ಈಗ ಸೆರಗು ಹೆಗಲಿಗೆ ಹಾಕೋ ಹಂಗೆ.” ಅವಳು ನಕ್ಕು, ಹಾಗೆಯೇ ಮಾಡಿದಳು. ಎರಡು ಮೊಣಕೈಗಳೂ ಎಲ್ಲೆಲ್ಲಿ ಚಾಚಿದವೋ ಅದಕ್ಕೆ ನೇರವಾಗಿ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದರು. ಅಳೆದರೆ ಮೂರು ಅಡಿಗೆ ಕೂದಲೆಳೆಯಷ್ಟು ಕಡಿಮೆ. “ಎರಡು ಮೊಳ. ಇದು ನಿಮ್ಮದು. ಮಿಕ್ಕಿದ್ದು ಬಟ್ಟೇದು,” ಅಂದರು.

ಎರಡು ಮೊಳ ಎಂದರೆ 36 ಇಂಚು. ಬಟ್ಟೆಗೆ ಉಳಿದದ್ದು ಒಂದೇ ಬದಿ, 21 ಇಂಚು. ಎದುರು ಗೋಡೆ ಪೂರಾ ಬೋಳು.

ಮೊಳ ಎಂಬ ಮಾತು ನಮಗೀಗ ಮಲ್ಲಿಗೆ ಮಾರುವವರ ಬಾಯಲ್ಲಿ ಮಾತ್ರ ಕೇಳುತ್ತದೆ. ಒಂದು ಕಾಲಕ್ಕೆ ಮನೆ, ಬಾಗಿಲು, ಬಾವಿ, ಬಟ್ಟೆ ಎಲ್ಲವೂ ಇದೇ ಅಳತೆಯಲ್ಲಿದ್ದವು. ಹನ್ನೆರಡು ಅಂಗುಲ ಕೂಡಿದರೆ ಗೇಣು, ಎರಡು ಗೇಣು ಮೊಳ, ನಾಲ್ಕು ಮೊಳ ಮಾರು. ಬೆರಳು, ಅಂಗೈ, ಮೊಣಕೈ, ಚಾಚಿದ ತೋಳು: ಅಳತೆಗೋಲನ್ನು ಹುಡುಕಿಕೊಂಡು ಹಿರಿಯರು ತಮ್ಮ ಮೈಯಿಂದ ಆಚೆಗೆ ಹೋಗಲಿಲ್ಲ. ಆ ಅಳತೆ ಒಬ್ಬರಿಂದ ಒಬ್ಬರಿಗೆ ಬೇರೆಯಾಗುತ್ತಿತ್ತು, ವ್ಯಾಪಾರಕ್ಕೆ ಅನುಕೂಲವಲ್ಲ, ನಿಜ. ಆದರೆ ಅದರಲ್ಲಿ ಕಟ್ಟಿದ್ದು ಮನುಷ್ಯನನ್ನು ಮರೆಯಲು ಸಾಧ್ಯವಿರಲಿಲ್ಲ. ಇಂಚಿನ ಟೇಪು ಗೋಡೆಯಿಂದ ಗೋಡೆಗೆ ಅಳೆಯುತ್ತದೆ, ನಡುವೆ ಯಾರು ನಿಲ್ಲುತ್ತಾರೆಂದು ಕೇಳುವುದಿಲ್ಲ. ಮೊಳ ಅಳೆಯಬೇಕಾದರೆ ಯಾರಾದರೊಬ್ಬರು ಬಂದು ಕೈ ಚಾಚಲೇಬೇಕು. ಸೋಜಿಗವೆಂದರೆ, ಇಂದಿನ ಹ್ಯಾಂಗರ್‌ನ ಅಗಲವೂ ಹೆಚ್ಚು ಕಡಿಮೆ ಒಂದು ಮೊಳವೇ. ಅದು ನಮ್ಮ ಭುಜಗಳ ನೆರಳಲ್ಲದೆ ಇನ್ನೇನು?

ನಾನು ಹುಟ್ಟಿದ ತೊಟ್ಟಿ ಮನೆಯಲ್ಲಿ ಬಟ್ಟೆಗೆಂದು ಕೋಣೆಯಿರಲಿಲ್ಲ. ಮಡಿಬಟ್ಟೆಗೆ ತೊಲೆಯಿಂದ ಇಳಿಬಿಟ್ಟ ಗಳು. ಕೋಲಿನಿಂದ ಹರವಿ, ಕೋಲಿನಿಂದಲೇ ತೆಗೆಯಬೇಕು. ದಿನಬಳಕೆಯದಕ್ಕೆ ಗೋಡೆಯ ಗೂಟ. ಹಬ್ಬದ ಬಟ್ಟೆಗೆ ನಾಗಂದಿಗೆಯ ಮೇಲಿನ ಟ್ರಂಕು. ಎಂಟು ಜನರ ಬಟ್ಟೆ ಅಷ್ಟರಲ್ಲಿ ಮುಗಿಯುತ್ತಿತ್ತು. ಹಾಗೆಂದು ಆ ಕಾಲವನ್ನು ಹೊಗಳಲು ನನಗೆ ಮನಸ್ಸಿಲ್ಲ. ಎರಡೇ ಸೀರೆಯಲ್ಲಿ ವರ್ಷ ಕಳೆದವರ ಕಷ್ಟವನ್ನು ಕಣ್ಣಾರೆ ಕಂಡವನು ನಾನು. ಅದು ಆರಿಸಿಕೊಂಡ ಸರಳತೆಯಾಗಿರಲಿಲ್ಲ, ಕೈಸಾಲದ ಬದುಕಾಗಿತ್ತು. ಇಂದು ಒಬ್ಬ ಹೆಣ್ಣುಮಗಳು ತನ್ನ ದುಡಿಮೆಯಲ್ಲಿ ಕೊಂಡ ಬಟ್ಟೆಗೊಂದು ಕೋಣೆ ಬೇಕೆನ್ನುವುದರಲ್ಲಿ ನನಗೆ ಯಾವ ತಪ್ಪೂ ಕಾಣುವುದಿಲ್ಲ.

ಇನ್ನೊಂದು ತುದಿಯಲ್ಲಿ ಶ್ರವಣಬೆಳಗೊಳದ ಬೆಟ್ಟವಿದೆ. ಚಾವುಂಡರಾಯ ಮಾಡಿಸಿದ 58 ಅಡಿಯ ಗೊಮ್ಮಟ ದಿಕ್ಕುಗಳನ್ನೇ ಉಟ್ಟು ನಿಂತಿದ್ದಾನೆ. ಅವನಿಗೆ ಬಟ್ಟೆಯ ಕೋಣೆ ಬೇಡ. ನಾವು ಅವನ ಪಾದದ ಬಳಿ ನಿಂತು ಕತ್ತೆತ್ತಿ ನೋಡುತ್ತೇವೆ, ಕಣ್ಣು ತುಂಬಿಕೊಳ್ಳುತ್ತೇವೆ, ಬೆಟ್ಟ ಇಳಿದು ಬರುತ್ತೇವೆ. ಇಳಿದ ಮೇಲೆ ನಮ್ಮ ಬಟ್ಟೆ ನಮ್ಮ ಮೈಮೇಲೇ ಇರುತ್ತದೆ. ಅವನ ಎತ್ತರ ನಮ್ಮದಲ್ಲ. ಹಾಗಾದರೆ ಸಂಸಾರಸ್ಥರಾದ ನಮಗೆ ಎಷ್ಟು ಸಾಕು? ಎಷ್ಟು ಎಂಬುದನ್ನು ನಮಗೆ ಯಾರು ಹೇಳಬೇಕು?

ನನಗೆ ಇದಕ್ಕೆ ಉತ್ತರದಂಥದ್ದೊಂದು ಸಿಕ್ಕಿದ್ದು ಅಮ್ಮನ ಮೈಸೂರು ರೇಷ್ಮೆ ಸೀರೆಯಿಂದ. ಕೋಣೆಗಾಗಿ ಬೀರುಗಳನ್ನು ಬರಿದು ಮಾಡುವಾಗ ಅದು ಅಡಿಯಲ್ಲಿ ಸಿಕ್ಕಿತು. ಅಮ್ಮ ಹೋದ ಮೇಲೆ ಜೋಪಾನವಾಗಿ ಕಟ್ಟಿಟ್ಟದ್ದು ನಾನೇ. ಬಿಡಿಸಿದರೆ ಜರಿಯ ಅಂಚು ಹಾಗೇ ಹೊಳೆಯುತ್ತಿದೆ, ಮಡಿಕೆ ಬಿದ್ದ ಗೆರೆಗಳುದ್ದಕ್ಕೂ ಮಾತ್ರ ರೇಷ್ಮೆ ಒಡೆದಿದೆ. ಹುಳ ಮುಟ್ಟಿಲ್ಲ, ನೀರು ತಾಗಿಲ್ಲ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇದ್ದದ್ದೇ ಅದಕ್ಕೆ ಮುಳುವಾಗಿದೆ. ರೇಷ್ಮೆಯನ್ನು ಎರಡು ಮೂರು ತಿಂಗಳಿಗೊಮ್ಮೆ ಬಿಡಿಸಿ, ನೆರಳಿನಲ್ಲಿ ಗಾಳಿಗೆ ಹರವಿ, ಬೇರೆ ಕಡೆ ಮಡಿಕೆ ಬರುವಂತೆ ಮಡಿಸಿಡಬೇಕು. ಜರಿಯ ಭಾರಕ್ಕೆ ಜಗ್ಗುವುದರಿಂದ ಬಹುಕಾಲ ತೂಗುಹಾಕಲೂ ಬಾರದು. ಹಳೆಯ ಮೆತ್ತನೆಯ ಹತ್ತಿಬಟ್ಟೆಯಲ್ಲಿ ಸುತ್ತಿ, ಪಕ್ಕದಲ್ಲಿ ಲಾಮಂಚದ ಬೇರೋ ನಾಲ್ಕು ಲವಂಗವೋ ಇಡುವುದು ಅಮ್ಮನ ರೂಢಿಯಾಗಿತ್ತು. ಇದೆಲ್ಲ ನಮ್ಮ ಮನೆಗಳ ಹೆಂಗಸರಿಗೆ ಗೊತ್ತಿದ್ದದ್ದೇ. ನಾನು ಮಾತ್ರ ಕಟ್ಟಿಟ್ಟದ್ದನ್ನೇ ಕಾಪಾಡಿದ್ದು ಎಂದುಕೊಂಡಿದ್ದೆ.

ಅಂದಮೇಲೆ ಎಷ್ಟು ಸೀರೆ ಇರಬೇಕು ಎಂಬುದಕ್ಕೆ ಕಪಾಟಿನ ಅಡಿ ಇಂಚು ಲೆಕ್ಕವಾಗದು. ಎಷ್ಟನ್ನು ನಾವು ಮತ್ತೆ ಮತ್ತೆ ಬಿಡಿಸಿ ಮಡಿಸಬಲ್ಲೆವೋ ಅಷ್ಟು. ಎಷ್ಟರ ಬಳಿ ಹೋಗಿ ಕೂರಲು ನಮ್ಮ ದಿನಗಳಲ್ಲಿ ಹೊತ್ತಿದೆಯೋ ಅಷ್ಟು. ಇದು ನೂರೂ ಇರಬಹುದು, ಹತ್ತೂ ಇರಬಹುದು. ಸೊಸೆಯೊಡನೆ ಕುಳಿತು ಈ ಮಾತಾಡಿದಾಗ ಅವಳು ತಾನೇ ಬೇರೆ ತೆಗೆದಿಟ್ಟ ರಾಶಿ ನಮ್ಮೆಲ್ಲರನ್ನೂ ಬೆರಗಾಗಿಸಿತು. ಅದರಲ್ಲಿ ಒಂದೇ ಬಣ್ಣದ, ಒಂದೇ ಬಗೆಯ ಕುರ್ತಾಗಳು ಮೂರಿದ್ದವು. ಹಿಂದಿನ ಸಾಲಿನಲ್ಲಿದ್ದದ್ದು ಕಣ್ಣಿಗೆ ಬೀಳದೆ ಮತ್ತೆ ಕೊಂಡದ್ದು. ಎರಡಡಿ ಆಳದ ಬೀರುವಿನಲ್ಲಿ ಹಿಂದೆ ಹೋದದ್ದು ಇಲ್ಲದಂತೆಯೇ. ನಮ್ಮ ಎಷ್ಟೋ ಬಯಕೆಗಳು, ಈಗಾಗಲೇ ಇರುವುದನ್ನು ಕಾಣದೆ ಹುಟ್ಟಿದವಲ್ಲವೇ?

ಆದ್ದರಿಂದ ಹೊಸ ಕಪಾಟಿಗೆ ಬಾಗಿಲೇ ಬೇಡವೆಂದಾಯಿತು. ಇಕ್ಕಟ್ಟಿನಲ್ಲಿ ಕದ ತೆರೆದರೆ ಎರಡು ಮೊಳದ ಬಯಲನ್ನು ಕದವೇ ನುಂಗುತ್ತದೆ. ಕೋಣೆಯ ಬಾಗಿಲನ್ನೂ ಜಾರುವ ಬಾಗಿಲಾಗಿ ಮಾಡಿದರು. ಅಂಗಿ, ಜುಬ್ಬಾಗಳಿಗೆ ಏಳಡಿಯಲ್ಲೊಂದು, ಮೂರೂವರೆ ಅಡಿಯಲ್ಲೊಂದು, ಹೀಗೆ ಒಂದರ ಕೆಳಗೊಂದು ಸರಳು. ಕಣ್ಣಿನ ಮಟ್ಟದಲ್ಲಿ ಮಡಿಸಿದ ಸೀರೆಗಳ ಹಲಗೆ. ಬಚ್ಚಲಿನ ಗೋಡೆಗೆ ಬೆನ್ನು ಕೊಟ್ಟ ಕಪಾಟನ್ನು ಎರಡಿಂಚು ಮುಂದಕ್ಕೆ ತಂದು, ಹಿಂದೆ ಗಾಳಿಯಾಡಲು ಬಿಟ್ಟರು. ಆ ಎರಡಿಂಚಿಗಾಗಿ ಮಗ ಬಹಳ ವಾದ ಮಾಡಿದ. ಆಚಾರ್ರು ಎರಡು ಮೊಳದಲ್ಲಿ ಒಂದು ಬೆರಳಗಲವನ್ನೂ ಬಿಡಲಿಲ್ಲ. ಕಪಾಟಿನ ಆಳದಲ್ಲೇ ಎರಡಿಂಚು ಕಡಿದು, 19 ಇಂಚಿಗೆ ಇಳಿಸಿದರು. ಅಂಗಿಗಳ ತೋಳುಗಳು ಕೊಂಚ ಹೊರಚಾಚುತ್ತವೆ, ಚಾಚಲಿ. ಗೋಡೆಗೂ ಉಸಿರು ಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ.

ಮೆಟ್ಟಿಲು ಬಾಗಿದ ಆ ಮೂರಡಿಯ ಮೂಲೆಯೇ ನನಗೆ ಎಲ್ಲಕ್ಕಿಂತ ಪ್ರಿಯವಾಯಿತು. ನಿಂತರೆ ತಲೆಗೆ ತಗಲುತ್ತದೆ, ಕೂತರೆ ಹಿತವಾಗಿರುತ್ತದೆ. ಅದನ್ನು ಹಲಗೆ ಹೊಡೆದು ಮುಚ್ಚಿಬಿಡಿ ಎಂದು ನೋಡಿದವರೆಲ್ಲ ಹೇಳಿದರು. ಮುಚ್ಚಲಿಲ್ಲ. ಅಲ್ಲಿ ಅಮ್ಮನ ಟ್ರಂಕು ಇಟ್ಟೆವು. ಅದರೊಳಗೆ ಆ ಒಡೆದ ಸೀರೆ, ಪಕ್ಕದಲ್ಲಿ ಒಂದು ಮಣೆ. ಬಟ್ಟೆ ಬಿಡಿಸಿ ಮಡಿಸುವವರು ಕೂರಲು. ವಕ್ರವಾದ ಜಾಗವನ್ನು ನೇರ ಮಾಡಲು ಹೊರಟರೆ ಅದು ಹಟ ಹಿಡಿಯುತ್ತದೆ. ಅದು ಬಾಗಿದ ಕಡೆ ನಾವೂ ಬಾಗಿದರೆ ಅಲ್ಲೊಂದು ಕೆಲಸವನ್ನು ತಾನೇ ತೋರಿಸಿಕೊಡುತ್ತದೆ. ಮನೆಯಲ್ಲಿರುವ ಕೆಲವು ಮನುಷ್ಯರ ವಿಷಯದಲ್ಲೂ ನಾವು ಇದನ್ನು ತಡವಾಗಿ ಕಲಿಯುತ್ತೇವೆ.

ಕೆಲಸ ನಡೆಯುತ್ತಿದ್ದ ದಿನಗಳಲ್ಲಿ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ ಮತ್ತೆ ಮತ್ತೆ ನೆನಪಾಗುತ್ತಿತ್ತು. ಎಂಟನೆಯ ಶತಮಾನದಲ್ಲಿ ಲೋಕಮಹಾದೇವಿ ಕಟ್ಟಿಸಿದ್ದು. ಅಲ್ಲಿ ಗರ್ಭಗುಡಿಯ ಸುತ್ತ ಒಳಗಡೆಯೇ ಒಂದು ಪ್ರದಕ್ಷಿಣಾಪಥವಿದೆ. ಎರಡು ಕಡೆಯೂ ಕಲ್ಲು, ಜಾಲಂಧ್ರಗಳಿಂದ ಸೋಸಿ ಬರುವ ಮಂದ ಬೆಳಕು. ಅಷ್ಟು ದೊಡ್ಡ ಮಂಟಪ ದಾಟಿ ಬಂದವರು ಆ ಓಣಿಗೆ ಕಾಲಿಟ್ಟೊಡನೆ ದನಿ ತಗ್ಗಿಸುತ್ತಾರೆ, ಹೆಜ್ಜೆ ನಿಧಾನವಾಗುತ್ತದೆ. ಕಟ್ಟಿದವರಿಗೆ ಕಲ್ಲಿನ ಕೊರತೆಯಿತ್ತೇ, ನೆಲದ ಕೊರತೆಯಿತ್ತೇ? ಬೇಕೆಂದೇ ಕಿರಿದು ಮಾಡಿದರು. ಕಿರಿದಾದ ಕಡೆ ಮನುಷ್ಯ ತನ್ನ ಮೈಯನ್ನು ತಾನು ಅರಿಯುತ್ತಾನೆ. ದೇವರ ಸುತ್ತಿನ ಓಣಿಯನ್ನು ಬಟ್ಟೆಯ ಓಣಿಯೊಡನೆ ಇಟ್ಟು ನೋಡುವುದು ಅತಿಯಾಯಿತೆಂದು ಯಾರಿಗಾದರೂ ಅನ್ನಿಸಬಹುದು. ಆದರೆ ದಿನದ ಮೊದಲ ನಿರ್ಧಾರವನ್ನು, ಇಂದು ಯಾರಾಗಿ ಹೊರಗೆ ಹೋಗಲಿ ಎಂಬುದನ್ನು, ನಾವು ಮಾಡುವುದು ಬಟ್ಟೆಯ ಮುಂದೆ ನಿಂತೇ ತಾನೆ? ಅದಕ್ಕೊಂದು ಮೌನದ ಜಾಗ ಇರಲಿ ಎಂದರೆ ತಪ್ಪೇ?

ಬೋಳು ಗೋಡೆ ಮಾತ್ರ ಕೊನೆಯವರೆಗೂ ಚರ್ಚೆಯಾಗಿಯೇ ಉಳಿಯಿತು. ಬಂದವರೆಲ್ಲ ಅದರ ಮೇಲೆ ಏನಾದರೊಂದನ್ನು ಹೂಡಲು ಹೇಳುವವರೇ. ಪಾದರಕ್ಷೆಯ ತೆಳು ಕಪಾಟು, ಚೀಲದ ಕೊಕ್ಕೆಗಳ ಸಾಲು, ಮಡಚುವ ಇಸ್ತ್ರಿ ಹಲಗೆ. ಖಾಲಿಯನ್ನು ಕಂಡರೆ ನಮಗೇಕೆ ಇಷ್ಟು ತಳಮಳ? ಬಯಲು ಎಂಬ ಮಾತಿಗೆ ವಚನಕಾರರು ಎಂಥ ಎತ್ತರವನ್ನು ಕೊಟ್ಟರು! ನಮಗೋ, ಮನೆಯೊಳಗೆ ಎರಡು ಮೊಳ ಬಯಲು ಉಳಿದರೆ ನಷ್ಟವೆನಿಸುತ್ತದೆ. ಒಂದು ಉದ್ದನೆಯ ಕನ್ನಡಿಯನ್ನು ಮಾತ್ರ ಗೋಡೆಗೆ ಅಂಟಿಸಿದೆವು, ಅದು ಜಾಗ ತಿನ್ನುವುದಿಲ್ಲ.

ಎಲ್ಲ ಮುಗಿದು, ಹತಾರಗಳನ್ನು ಚೀಲಕ್ಕೆ ತುಂಬುವ ಹೊತ್ತಿನಲ್ಲಿ ಆಚಾರ್ರು ಕೇಳಿದರು: “ಯಜಮಾನ್ರೇ, ಒಂದು ಸಲ ಹಾಕಿ ಬಿಚ್ಚಿದ ಬಟ್ಟೆ ಎಲ್ಲಿಡ್ತೀರಾ?”

ನಾವು ಯಾರೂ ಯೋಚಿಸಿರಲಿಲ್ಲ. ಒಗೆದ ಬಟ್ಟೆಗೆ ಹಲಗೆಯಿದೆ, ಒಗೆಯಬೇಕಾದದ್ದಕ್ಕೆ ಬುಟ್ಟಿಯಿದೆ. ಸಂಜೆ ಎರಡು ಗಂಟೆ ತೊಟ್ಟು ಬಿಚ್ಚಿದ ಜುಬ್ಬಾ, ನಾಳೆ ಮತ್ತೆ ತೊಡಬಹುದಾದ ಅಂಗಿ? ಮಡಿಯೂ ಅಲ್ಲದ, ಮೈಲಿಗೆಯೂ ಅಲ್ಲದ ಆ ಬಟ್ಟೆಗೆ ನಮ್ಮ ಶಾಸ್ತ್ರದಲ್ಲೂ ಹೆಸರಿಲ್ಲ, ನಮ್ಮ ಕಪಾಟುಗಳಲ್ಲೂ ಜಾಗವಿಲ್ಲ. ಎಲ್ಲರ ಮನೆಯಲ್ಲೂ ಅದು ಯಾವುದೋ ಒಂದು ಕುರ್ಚಿಯ ಬೆನ್ನಿನ ಮೇಲೆ ಬಿದ್ದಿರುತ್ತದೆ. ದಿನದಿನದ ಬದುಕೆಲ್ಲ ಹೆಚ್ಚಾಗಿ ಅದೇ ಬಟ್ಟೆಯಂಥದ್ದು, ಪೂರಾ ಶುಭ್ರವಲ್ಲ, ಕೊಳೆಯೂ ಅಲ್ಲ.

ಅವರು ಚೀಲದಿಂದ ಉಳಿದ ತೇಗದ ತುಂಡೊಂದನ್ನು ತೆಗೆದು, ಹೊಸ್ತಿಲ ಮೇಲೆ ಕೂತು ಅರ್ಧ ಗಂಟೆ ಕೆತ್ತಿ ಉಜ್ಜಿ ಮೂರು ಗೂಟ ಮಾಡಿದರು. ಬೋಳು ಗೋಡೆಯಲ್ಲಿ, ಕನ್ನಡಿಯ ಪಕ್ಕ, ಎದೆಯ ಮಟ್ಟದಲ್ಲಿ ಬಡಿದರು. ನನಗೊಂದು, ಮಗನಿಗೊಂದು, ಸೊಸೆಗೊಂದು. ಅಂದು ಸಂಜೆ ತಿರುಗಾಡಿ ಬಂದವನು ಜುಬ್ಬಾ ಬಿಚ್ಚಿ ಅದಕ್ಕೆ ತಗುಲಿಸಿದೆ. ತೊಟ್ಟಿ ಮನೆಯಲ್ಲಿ ಅಪ್ಪನ ಕೋಟು ತೂಗುತ್ತಿದ್ದದ್ದೂ ಇಷ್ಟೇ ಎತ್ತರದಲ್ಲಿ.