ಡಬ್ಬಿಯ ಮೇಲಿನ ಹೆಸರು

ಇಳಕಲ್ ಸೀರೆಯೊಂದು ದುಬೈಗೆ ಹೊರಟಿದೆ ಎಂದುಕೊಳ್ಳಿ. ಸೀರೆಗೆ ಹಚ್ಚಿದ ಪುಟ್ಟ ಚೀಟಿಯಲ್ಲಿ ನೇಯಿಸಿದವರ ಹೆಸರಿದೆ. ಅದನ್ನು ತುಂಬಿದ ರಟ್ಟಿನ ಡಬ್ಬಿಗೆ ಸುತ್ತಿದ ಟೇಪಿನ ಉದ್ದಕ್ಕೂ ಮಾರುವ ಅಂಗಡಿಯ ಹೆಸರಿದೆ. ಟ್ರೇಡ್‌ಮಾರ್ಕ್ ಕಾನೂನಿನಲ್ಲಿ ಈ ಎರಡು ಹೆಸರುಗಳ ಜಾಗ ಬೇರೆ ಬೇರೆ. ಸೀರೆಯ ಹೆಸರು ಉಡುಪಿನ 25ನೇ ಕ್ಲಾಸಿಗೆ, ಅಂದರೆ ವರ್ಗಕ್ಕೆ, ಸೇರಿದರೆ, ಅಂಗಡಿಯ ಹೆಸರು ಮಾರಾಟ ಸೇವೆಯ 35ನೇ ಕ್ಲಾಸಿಗೆ ಸೇರುತ್ತದೆ. ಹತ್ತಾರು ನೇಕಾರರ ಸೀರೆ ಆರಿಸಿ ತಂದು, ಫೋಟೊ ತೆಗೆದು, ರಾತ್ರಿ ಹನ್ನೊಂದಕ್ಕೂ ಗಿರಾಕಿಯ ಪ್ರಶ್ನೆಗೆ ಉತ್ತರಿಸುವ ದುಡಿಮೆಯೂ ಒಂದು ಸೇವೆ. ನಮ್ಮ ಆನ್‌ಲೈನ್ ವ್ಯಾಪಾರಿಗಳಲ್ಲಿ ಹೆಚ್ಚಿನವರ ಆಸ್ತಿ ಈ ಎರಡನೆಯ ಹೆಸರೇ. ಆದರೆ ನೋಂದಣಿಯ ವೇಳೆ ಮರೆತುಹೋಗುವುದೂ ಅದೇ.

ಮಾರಾಟವೂ ಸೇವೆಯೆಂದು ಒಪ್ಪಿಸಲು ಯುರೋಪಿನಲ್ಲಿ ಕೋರ್ಟು ಹತ್ತಬೇಕಾಯಿತು. ಜರ್ಮನಿಯ ಪ್ರಾಕ್ಟಿಕರ್ ಎಂಬ ಅಂಗಡಿ ಸರಣಿಯ ಅರ್ಜಿಯನ್ನು ಅಲ್ಲಿನ ಟ್ರೇಡ್‌ಮಾರ್ಕ್ ಕಚೇರಿ ತಿರಸ್ಕರಿಸಿತ್ತು. 2005ರ ಜುಲೈ 7ರಂದು ಯುರೋಪಿನ ನ್ಯಾಯಾಲಯ ಚಿಲ್ಲರೆ ಮಾರಾಟವನ್ನೂ ಸೇವೆಯಾಗಿ ನೋಂದಾಯಿಸಬಹುದು ಎಂದಿತು. ಯಾವ ಬಗೆಯ ಸರಕು ಮಾರುತ್ತೀರೆಂದು ಅರ್ಜಿಯಲ್ಲಿ ಬರೆಯಬೇಕು ಎಂದೂ ಹೇಳಿತು.

ಟ್ರೇಡ್‌ಮಾರ್ಕ್ ಹಕ್ಕು ದೇಶದ ಗಡಿಯೊಳಗಿನದು. ಇಲ್ಲಿ ನೋಂದಾಯಿಸಿದ್ದು ಇಲ್ಲಿಗಷ್ಟೇ. ಅಮೆರಿಕದ ಟಿ.ಜೆ. ಮ್ಯಾಕ್ಸ್ ಅಂಗಡಿ ಸರಣಿ 1994ರಲ್ಲಿ ಬ್ರಿಟನ್ನಿಗೆ ಬಂದಾಗ ಅಲ್ಲಿ ಟಿ.ಜೆ. ಹ್ಯೂಸ್ ಎಂಬ ಹಳೆಯ ಅಂಗಡಿ ಇತ್ತು. ಗೊಂದಲ ಬೇಡವೆಂದು ಬೋರ್ಡಿನಲ್ಲಿ ಒಂದಕ್ಷರ ಬದಲಾಯಿತು. ಇವತ್ತಿಗೂ ಅಲ್ಲಿ ಅದು ಟಿ.ಕೆ. ಮ್ಯಾಕ್ಸ್. ಆಸ್ಟ್ರೇಲಿಯಾದಲ್ಲಿ ಬರ್ಗರ್ ಕಿಂಗ್ ಹೆಸರು ಮೊದಲೇ ಬೇರೆಯವರ ಪಾಲಾಗಿದ್ದರಿಂದ ಅದರ ಅಂಗಡಿಗಳು 1971ರಿಂದ ಹಂಗ್ರಿ ಜ್ಯಾಕ್ಸ್ ಆದವು. ಅಷ್ಟು ದೊಡ್ಡ ಕಂಪನಿಗಳು ಹೊಸ ಹೆಸರನ್ನು ಹೇಗೋ ಬೆಳೆಸಿಕೊಂಡವು. ಮನೆಯ ಮುಂದಿನ ಕೋಣೆಯಲ್ಲಿ ಪಾರ್ಸೆಲ್ ಕಟ್ಟುವ ಹೆಣ್ಣುಮಗಳಿಗೆ ಐದು ವರ್ಷ ದುಡಿದು ಗಳಿಸಿದ ಹೆಸರನ್ನು ಬಿಟ್ಟುಕೊಡುವ ತ್ರಾಣ ಎಲ್ಲಿಂದ ಬರಬೇಕು?

'ನಾವು ಅಲ್ಲಿ ಅಂಗಡಿ ತೆರೆದಿಲ್ಲ, ವೆಬ್‌ಸೈಟ್ ಇಲ್ಲಿನದು' ಎಂಬ ಸಮಾಧಾನ ಸಾಲದು. ಬೆವರ್ಲಿ ಹಿಲ್ಸ್ ಪೋಲೊ ಕ್ಲಬ್ ಎಂಬ ಬ್ರ್ಯಾಂಡ್ ಹೆಸರಿನ ಹಕ್ಕು ಅಮೆರಿಕದಲ್ಲಿ ಒಬ್ಬರದು, ಬ್ರಿಟನ್ನಿನಲ್ಲಿ ಇನ್ನೊಬ್ಬರದು. ಅಮೆರಿಕದಲ್ಲಿ ಸಕ್ರಮವಾಗಿದ್ದ ಸರಕನ್ನು ಅಮೆಜಾನಿನ ಅಮೆರಿಕ ತಾಣ ಬ್ರಿಟನ್ನಿನ ಗಿರಾಕಿಗಳಿಗೂ ತೋರಿಸಿ ಮಾರಿತು. ಪುಟದ ಮೇಲೆಯೇ 'ಬ್ರಿಟನ್ನಿಗೆ ತಲುಪಿಸುತ್ತೇವೆ' ಎಂಬ ಸೂಚನೆ ಇತ್ತು. ಇದು ಬ್ರಿಟನ್ನಿನ ಗಿರಾಕಿಯನ್ನೇ ಉದ್ದೇಶಿಸಿದ ವ್ಯಾಪಾರ, ಆದ್ದರಿಂದ ಹಕ್ಕಿನ ಉಲ್ಲಂಘನೆ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2024ರ ಮಾರ್ಚಿನಲ್ಲಿ ತೀರ್ಪಿತ್ತಿತು. ಬೆಂಗಳೂರಿನ ತಾಣದಲ್ಲಿ 'ಶಿಪ್ ಟು ಯುಕೆ' ಎಂಬ ಆಯ್ಕೆ ಇಡುವ ಪ್ರತಿಯೊಬ್ಬರೂ ಈ ತೀರ್ಪನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಹೆಸರನ್ನು ಕಾಪಾಡಿಕೊಳ್ಳುವ ದಾರಿ ದುರ್ಗಮವೇನಲ್ಲ. ಒಬ್ಬ ವ್ಯಕ್ತಿಯೋ ಸಣ್ಣ ಉದ್ದಿಮೆಯೋ ಆನ್‌ಲೈನಿನಲ್ಲಿ ಅರ್ಜಿ ಹಾಕಿದರೆ ಭಾರತದಲ್ಲಿ ಒಂದು ಕ್ಲಾಸಿಗೆ ಸರ್ಕಾರಿ ಶುಲ್ಕ 4,500 ರೂಪಾಯಿ. ಆ ಅರ್ಜಿಯನ್ನೇ ಆಧಾರವಾಗಿಟ್ಟು ಮ್ಯಾಡ್ರಿಡ್ ಪ್ರೋಟೊಕಾಲ್ ಎಂಬ ಅಂತರರಾಷ್ಟ್ರೀಯ ಒಪ್ಪಂದದಡಿ ಒಂದೇ ಅರ್ಜಿಯಲ್ಲಿ ಬೇಕಾದ ಸದಸ್ಯ ದೇಶಗಳನ್ನು ಕೋರಬಹುದು. ಭಾರತ 2013ರ ಜುಲೈ 8ರಿಂದ ಇದರ ಸದಸ್ಯ. ಕನ್ನಡಿಗರು ನೆಲೆಸಿರುವ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ಸಿಂಗಪುರ, ಯುಎಇ ಎಲ್ಲವೂ ಅದರೊಳಗಿವೆ. ಆದರೆ ಪ್ರತಿ ದೇಶವೂ ತನ್ನ ಕಾನೂನಿನಂತೆ ಪರಿಶೀಲಿಸಿಯೇ ಒಪ್ಪುತ್ತದೆ, ದೇಶಕ್ಕೊಂದು ಶುಲ್ಕವೂ ಉಂಟು. ಮೊದಲ ಐದು ವರ್ಷ ಇಲ್ಲಿನ ಮೂಲ ಅರ್ಜಿ ಬಿದ್ದರೆ ಹೊರಗಿನದೂ ಬೀಳುತ್ತದೆ. ಹಾಗಾಗಿ ಇಲ್ಲಿನ ಕೆಲಸ ಗಟ್ಟಿಯಾಗಿರಬೇಕು. ಇಲ್ಲಿ ಅರ್ಜಿ ಹಾಕಿದ ಆರು ತಿಂಗಳೊಳಗೆ ಹೊರದೇಶಕ್ಕೆ ಹೋದರೆ ಇಲ್ಲಿನ ದಿನಾಂಕವೇ ಅಲ್ಲಿಯೂ ಲೆಕ್ಕಕ್ಕೆ ಬರುತ್ತದೆ. ಯಾರು ಮೊದಲು ಬಂದರೆಂಬುದೇ ಮುಖ್ಯವಾಗುವ ಕಡೆ ಆ ಆರು ತಿಂಗಳಿಗೆ ಚಿನ್ನದ ಬೆಲೆ.

ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಜಾಲತಾಣದಲ್ಲಿ ಹಲವು ದೇಶಗಳ ಟ್ರೇಡ್‌ಮಾರ್ಕುಗಳನ್ನು ಯಾರು ಬೇಕಾದರೂ ಉಚಿತವಾಗಿ ಹುಡುಕಬಹುದು. ವಿದೇಶದ ಮೊದಲ ಪಾರ್ಸೆಲ್ಲಿಗೆ ಟೇಪು ಸುತ್ತುವ ಮುಂಚೆ, ನಿಮ್ಮ ಅಂಗಡಿಯ ಹೆಸರನ್ನು ಅಲ್ಲಿ ಒಮ್ಮೆ ಟೈಪಿಸಿ ನೋಡಿ.